ಮೊಯ್ಸ್ ಒಬ್ಬರದ್ದೇ ತಪ್ಪಲ್ಲ ಅಂತ ಹೇಳೋಕೆ ನಂಗೆ ಇಷ್ಟು ವರ್ಷ ಬೇಕಾಯ್ತು

2013ರ ಮೇ 19, ಭಾನುವಾರ. ರಾತ್ರಿ ಎಂಟೂವರೆಗೆ ಫುಟ್‌ಬಾಲ್ ಮ್ಯಾಚು, ರೂಮಲ್ಲಿ ಐದು ಜನ, ಒಂದು ಚಿಕ್ಕ ಟೀವಿ. ಸರ್ ಅಲೆಕ್ಸ್ ಫರ್ಗುಸನ್ ಅವರ ಕೊನೇ ಮ್ಯಾಚ್, ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾನೇಜರ್ ಆಗಿ 1500ನೇದು, ಎದುರಿಗೆ ವೆಸ್ಟ್ ಬ್ರಾಮ್. ಅರ್ಧ ಗಂಟೇಲೇ 3-0, ಆಮೇಲೆ 5-2, ಕೊನೇ ಹತ್ತು ನಿಮಿಷದಲ್ಲಿ ಮೂರು ಗೋಲ್ ಬಿಟ್ಕೊಟ್ಟು 5-5! ಸೆಕೆಂಡ್ ಹಾಫಲ್ಲಿ ಇಳಿದ ಲುಕಾಕು ಹ್ಯಾಟ್ರಿಕ್ ಹೊಡೆದ. ಲೀಗ್ ಆಗ್ಲೇ 11 ಪಾಯಿಂಟ್ ಅಂತರದಲ್ಲಿ ಗೆದ್ದಾಗಿತ್ತಲ್ಲ, ಯಾರಿಗೂ ಬೇಜಾರಿಲ್ಲ, ಕಣ್ಣಲ್ಲಿ ನೀರು ಮಾತ್ರ. ಆದ್ರೆ ಆ ಹತ್ತು ನಿಮಿಷ ಸರಿಯಾಗಿ ನೋಡಿದ್ದಿದ್ರೆ ಮುಂದೇನು ಕಾದಿದೆ ಅಂತ ಅವತ್ತೇ ಗೊತ್ತಾಗ್ತಿತ್ತು ಅಂತ ಈಗ ಅನ್ಸುತ್ತೆ.

ಮ್ಯಾನೇಜರ್ ಬದಲಾದ ಮಾತು ಬಂದಾಗೆಲ್ಲ ಫರ್ಗುಸನ್ ಜಾಗಕ್ಕೆ ಬಂದ ಡೇವಿಡ್ ಮೊಯ್ಸ್ ಹೆಸರು ಬಂದೇ ಬರುತ್ತೆ, ಎಲ್ರೂ ಬೈಯೋದು ಒಂದೇ ಮಾತು, "ಅವ್ನಿಗೆ ಅಷ್ಟು ದೊಡ್ಡ ಕ್ಲಬ್ ನಡೆಸೋ ಯೋಗ್ಯತೆ ಇರ್ಲಿಲ್ಲ". 2014ರಲ್ಲಿ ನಾನೂ ಇದನ್ನೇ ಹೇಳ್ತಿದ್ದೆ, ಈಗ ಹೇಳಲ್ಲ. 2013ರ ಬೇಸಿಗೇಲಿ ನಿಜವಾಗ್ಲೂ ಏನಾಯ್ತು ಅಂತ ಒಂದ್ಸಲ ಕೂತು ನೋಡಿ.

ಫರ್ಗುಸನ್ ಅಂದ್ರೆ 26 ವರ್ಷಕ್ಕಿಂತ ಜಾಸ್ತಿ ಇದ್ದ ಮನುಷ್ಯ, 13 ಲೀಗ್ ಟೈಟಲ್, 38 ಟ್ರೋಫಿ. ಮೇ 8ಕ್ಕೆ ರಿಟೈರ್ ಆಗ್ತೀನಿ ಅಂತ ಅನೌನ್ಸ್ ಮಾಡಿದ್ರು, ಮಾರನೇ ದಿನವೇ ಮೊಯ್ಸ್ ಹೆಸರು ಬಂತು. ಇಂಟರ್ವ್ಯೂ ಅಂತೇನೂ ಇಲ್ಲ, ಫರ್ಗುಸನ್ ಮನೆಗೆ ಕರೆಸಿ ನೀನೇ ಮುಂದಿನ ಮ್ಯಾನೇಜರ್ ಅಂತ ಹೇಳಿಬಿಟ್ರು. ಅದೇ ಬೇಸಿಗೇಲಿ ಚೀಫ್ ಎಕ್ಸಿಕ್ಯುಟಿವ್ ಡೇವಿಡ್ ಗಿಲ್ ಕೂಡ ಹೋದ್ರು, ಆಟಗಾರರನ್ನ ಕೊಳ್ಳೋ ಮಾರೋ ವ್ಯವಹಾರ ಪೂರ್ತಿ ಗೊತ್ತಿದ್ದವರು ಅವ್ರು. ಹಳೇ ಆಟಗಾರ ಸ್ಕೋಲ್ಸ್ ಆಟ ಸಾಕು ಅಂತ ಬೂಟು ಬಿಚ್ಚಿಟ್ರು. ಅಸಿಸ್ಟೆಂಟ್ ಮೈಕ್ ಫೆಲನ್, ದಿನಾ ಟ್ರೇನಿಂಗ್ ನಡೆಸ್ತಿದ್ದ ರೆನೆ ಮ್ಯೂಲೆನ್‌ಸ್ಟೀನ್, ಗೋಲ್‌ಕೀಪಿಂಗ್ ಕೋಚ್ ಎರಿಕ್ ಸ್ಟೀಲ್, ಈ ಮೂರು ಜನಾನೂ ಹೊರಗೆ. ಮೊಯ್ಸ್ 11 ವರ್ಷ ಇದ್ದ ಎವರ್ಟನ್‌ನಿಂದ ತಮ್ಮವರನ್ನ ಕರ್ಕೊಂಡು ಬಂದ್ರು. ಮನುಷ್ಯ ಸಹಜ, ಹೊಸ ಜಾಗಕ್ಕೆ ಹೋಗುವಾಗ ನಂಬಿಕಸ್ತರನ್ನ ಜೊತೇಲಿ ಇಟ್ಕೊಬೇಕು ಅನ್ಸುತ್ತೆ. ಆದ್ರೂ ಅವರು ಮಾಡಿದ ದೊಡ್ಡ ತಪ್ಪು ಇದೊಂದೇ ಅಂತ ನನ್ನ ಅಭಿಪ್ರಾಯ, ಅದನ್ನ ತಡೆಯೋಕೆ ಕ್ಲಬ್ಬಲ್ಲಿ ಒಬ್ಬ ಹಿರಿಯರೂ ಇರ್ಲಿಲ್ವಲ್ಲ ಅನ್ನೋದು ಅದಕ್ಕಿಂತ ದೊಡ್ಡ ತಪ್ಪು.

ನಮ್ಮೂರಲ್ಲಿ ಹೋಟ್ಲು ಕೈ ಬದಲಾದಾಗ ಜನ ಮೊದ್ಲು ಕೇಳೋದು ಭಟ್ರು ಅವ್ರೇನಾ ಅಂತ. ಗಲ್ಲಾದಲ್ಲಿ ಯಾರು ಬೇಕಾದ್ರೂ ಕೂತ್ಕೊಳ್ಳಿ, ಒಳಗೆ ಭಟ್ರು ಅವ್ರೇ ಇದ್ರೆ ಸಾಂಬಾರ್ ರುಚಿ ಹಾಗೇ ಇರುತ್ತೆ. ಯುನೈಟೆಡ್‌ನಲ್ಲಿ ಓನರ್ ಮಾತ್ರ ಹಾಗೇ ಉಳಿದ್ರು, ಗಲ್ಲಾದವರಿಂದ ಹಿಡಿದು ಭಟ್ರ ತನಕ ಎಲ್ರೂ ಒಟ್ಟಿಗೆ ಖಾಲಿ.

ಇನ್ನು ಟೀಮು. ಗಿಗ್ಸ್‌ಗೆ 39, ಫರ್ಡಿನಾಂಡ್‌ಗೆ 34, ಎವ್ರಾಗೆ 32, ವಿಡಿಚ್‌ಗೆ 31. ವಾನ್ ಪರ್ಸಿ ಹಿಂದಿನ ಸೀಸನ್ ಲೀಗಲ್ಲಿ 26 ಗೋಲ್ ಹೊಡೆದು ಕಪ್ ತಂದ್ಕೊಟ್ಟವನು, ಅವನಿಗೂ ಆಗಸ್ಟ್‌ಗೆ 30. ಇಷ್ಟು ವಯಸ್ಸಾದ ಟೀಮನ್ನ ಗೆಲ್ಲಿಸೋ ಗುಟ್ಟು ಫರ್ಗುಸನ್ ಹತ್ರ ಇತ್ತು, ಅದು ಅವರ ಜೊತೇಲೇ ಹೋಯ್ತು. ಹೊಸಬರು ಯಾರು ಬಂದ್ರು ಅಂದ್ರೆ ಟ್ರಾನ್ಸ್‌ಫರ್ ವಿಂಡೋ (ಆಟಗಾರರನ್ನ ಕೊಳ್ಳೋ ಅವಧಿ) ಮುಚ್ಚೋ ಕೊನೇ ದಿನ ಎವರ್ಟನ್‌ನ ಫೆಲ್ಲೇನಿ.

2014ರ ಫೆಬ್ರವರಿ 9ರ ಮ್ಯಾಚು ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮದೇ ಮೈದಾನ ಓಲ್ಡ್ ಟ್ರಾಫರ್ಡ್, ಎದುರಿಗೆ ಟೇಬಲ್‌ನಲ್ಲಿ ಕಟ್ಟ ಕಡೇಲಿದ್ದ ಫುಲ್ಹಮ್. ಎಡಗಡೆಯಿಂದ ಕ್ರಾಸ್ (ಅಂಚಿಂದ ಗೋಲ್ ಮುಂದಕ್ಕೆ ಹೊಡೆಯೋ ಚೆಂಡು), ಬಲಗಡೆಯಿಂದ ಕ್ರಾಸ್, ಮತ್ತೆ ಎಡಗಡೆಯಿಂದ, ಒಟ್ಟು 80ಕ್ಕೂ ಜಾಸ್ತಿ ಕ್ರಾಸ್, ಫುಲ್ಹಮ್‌ನ ಆ ಉದ್ದನೆ ಹುಡುಗ ಡ್ಯಾನ್ ಬರ್ನ್ ಬಂದಿದ್ದನ್ನೆಲ್ಲ ತಲೇಲಿ ಹೊಡೆದು ಆಚೆ ಹಾಕ್ತಾನೇ ಇದ್ದ. ಕೊನೆಗೆ ಹೆಂಗೋ ವಾನ್ ಪರ್ಸಿ, ಕ್ಯಾರಿಕ್ ಎರಡು ನಿಮಿಷದ ಅಂತರದಲ್ಲಿ ಗೋಲ್ ಹೊಡೆದು 2-1 ಮಾಡಿದ್ರು, ಉಸಿರು ಬಂತು ಅನ್ನುವಷ್ಟರಲ್ಲಿ ಇಂಜುರಿ ಟೈಮಲ್ಲಿ ಡ್ಯಾರೆನ್ ಬೆಂಟ್ 2-2 ಮಾಡಿಬಿಟ್ಟ. ಅವತ್ತು ಫುಲ್ಹಮ್ ಮ್ಯಾನೇಜರ್ ಯಾರು ಗೊತ್ತಾ? ರೆನೆ ಮ್ಯೂಲೆನ್‌ಸ್ಟೀನ್. ಹಿಂದಿನ ವರ್ಷ ಇದೇ ಆಟಗಾರರಿಗೆ ದಿನಾ ಟ್ರೇನಿಂಗ್ ಕೊಡ್ತಿದ್ದ ಮನುಷ್ಯ ಪಕ್ಕದ ಡಗ್‌ಔಟಲ್ಲಿ ನಿಂತಿದ್ರು. ಇವರು ಏನು ಮಾಡ್ತಾರೆ, ಎಲ್ಲಿ ಸುಸ್ತಾಗ್ತಾರೆ ಅಂತ ಅವ್ರಿಗೆ ಗೊತ್ತಿಲ್ದೇ ಇರುತ್ತಾ.

(ಬೆಂಗಳೂರಿನವರಿಗೆ ಈ ರೆನೆ ನೆನಪಿರಬೇಕು, ಆಮೇಲೆ ಕೇರಳ ಬ್ಲಾಸ್ಟರ್ಸ್‌ಗೆ ಕೋಚ್ ಆಗಿ ಬಂದಿದ್ರು, 2017ರ ಡಿಸೆಂಬರ್ 31ಕ್ಕೆ ಕೊಚ್ಚಿಯಲ್ಲಿ ನಮ್ಮ ಬೆಂಗಳೂರು ಎಫ್‌ಸಿ 3-1 ಗೆದ್ದ ಮೇಲೆ ಎರಡೇ ದಿನದಲ್ಲಿ ಬಿಟ್ಟು ಹೋದ್ರು. ಒಬ್ಬರೇ ಬಂದು ನಿಂತ್ರೆ ಎಂಥಾ ಕೋಚ್‌ಗೂ ಕಷ್ಟವೇ.)

ಏಪ್ರಿಲ್ 22ಕ್ಕೆ ಮೊಯ್ಸ್‌ನ ತೆಗೆದ್ರು. ಆರು ವರ್ಷದ ಕಾಂಟ್ರಾಕ್ಟ್, ಹತ್ತು ತಿಂಗಳೂ ಪೂರ್ತಿ ಆಗಿರ್ಲಿಲ್ಲ. ಟೀಮು ಏಳನೇ ಸ್ಥಾನದಲ್ಲಿ ಮುಗಿಸ್ತು.

ಇದೇ ಕ್ಲಬ್ಬಲ್ಲಿ ಇದೇ ಕಥೆ ಮುಂಚೆ ಒಂದ್ಸಲ ನಡೆದಿತ್ತು ಅನ್ನೋದು ನಂಗೆ ಜಾಸ್ತಿ ನೋವು. ಮ್ಯಾಟ್ ಬಸ್ಬಿ 1945ರಿಂದ 1969ರವರೆಗೆ ಮ್ಯಾನೇಜರ್ ಆಗಿದ್ರು, ಅವರಾದ ಮೇಲೆ ಬಂದ ವಿಲ್ಫ್ ಮೆಕ್‌ಗಿನ್ನೆಸ್‌ನ 1970ರ ಡಿಸೆಂಬರ್‌ನಲ್ಲೇ ತೆಗೆದ್ರು, 1974ಕ್ಕೆ ಕ್ಲಬ್ ಸೆಕೆಂಡ್ ಡಿವಿಷನ್‌ಗೆ ಇಳಿದುಹೋಯ್ತು. ಅದೇ ವರ್ಷ ಲಿವರ್‌ಪೂಲ್‌ನಲ್ಲಿ ಮ್ಯಾನೇಜರ್ ಬಿಲ್ ಶ್ಯಾಂಕ್ಲಿ ಇದ್ದಕ್ಕಿದ್ದ ಹಾಗೆ ಬಿಟ್ರು. ಆ ಕ್ಲಬ್‌ನವರೇನು ಮಾಡಿದ್ರು? ಶ್ಯಾಂಕ್ಲಿ ಪಕ್ಕದಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದ್ದ ಬಾಬ್ ಪೇಯ್ಸ್‌ಲಿನ ಕೂರಿಸಿದ್ರು, ಮಿಕ್ಕ ಕೋಚ್‌ಗಳೆಲ್ಲ ಹಾಗೇ ಇದ್ರು, ಮ್ಯಾಚ್ ಆದ್ಮೇಲೆ ಬೂಟು ಇಡೋ ರೂಮಲ್ಲಿ ಕೂತು ಮಾತಾಡ್ತಿದ್ದ ಅದೇ ಗುಂಪು. ಮೊದಲನೇ ವರ್ಷ ಒಂದು ಕಪ್ಪೂ ಬರ್ಲಿಲ್ಲ, ಯಾರೂ ಕಿತ್ತು ಹಾಕ್ಲಿಲ್ಲ. ಆಮೇಲೆ ಆರು ಲೀಗ್, ಮೂರು ಯುರೋಪಿಯನ್ ಕಪ್.

ಲಿವರ್‌ಪೂಲ್‌ನ ಹೊಗಳೋದು ಯುನೈಟೆಡ್‌ನವರಿಗೆ ಕಷ್ಟ, ಆದ್ರೆ ಸತ್ಯ ಸತ್ಯವೇ. ಅವರ ಮ್ಯಾನೇಜರ್ ಯೂರ್ಗನ್ ಕ್ಲಾಪ್ 2024ರ ಜನವರಿಯಲ್ಲೇ ಹೋಗ್ತೀನಿ ಅಂತ ಹೇಳಿದ್ರು, ಹುಡುಕೋಕೆ ನಾಲ್ಕು ತಿಂಗಳು ಸಿಕ್ತು. ಕೊನೇ ದಿನ ಅವರ ಮೈದಾನ ಆನ್‌ಫೀಲ್ಡ್‌ನಲ್ಲಿ ಮೈಕ್ ಹಿಡ್ಕೊಂಡು ಮುಂದಿನ ಮ್ಯಾನೇಜರ್ ಆರ್ನೆ ಸ್ಲಾಟ್ ಹೆಸರನ್ನ ತಾವೇ ಹಾಡಿ ಜನರ ಬಾಯಲ್ಲೂ ಹಾಡಿಸಿದ್ರು. ಕ್ಲಾಪ್ ಅಸಿಸ್ಟೆಂಟ್‌ಗಳೂ ಹೋದ್ರಲ್ಲ ಅಂತ ಕೇಳ್ತೀರ, ನಿಜ, ಆದ್ರೆ ಆಫೀಸಲ್ಲಿ ಆ ಕ್ಲಬ್ಬಿನ ಒಳಹೊರಗು ಗೊತ್ತಿದ್ದ ಮೈಕಲ್ ಎಡ್ವರ್ಡ್ಸ್ ವಾಪಸ್ ಬಂದಿದ್ರು, ಟೀಮು ಹುರುಪಿನ ವಯಸ್ಸಲ್ಲಿತ್ತು. ಆ ಬೇಸಿಗೇಲಿ ಬಂದು ಆಡಿದ ಹೊಸಬ ಕಿಯೇಸಾ ಒಬ್ಬನೇ. ಸ್ಲಾಟ್ ಬಂದು ಮನೆ ಕೆಡವ್ಲಿಲ್ಲ, ಮಿಡ್‌ಫೀಲ್ಡರ್ ಗ್ರಾವೆನ್‌ಬೆರ್ಕ್‌ನ ಹಿಂದಕ್ಕೆ ತಂದು ಡಿಫೆನ್ಸ್ ಮುಂದೆ ನಿಲ್ಸಿದ್ರು ಅಷ್ಟೇ, ಮೊದಲ ವರ್ಷವೇ ಲೀಗು.

ನಮ್ಮ ಯುನೈಟೆಡ್‌ನಲ್ಲಿ ಮೊಯ್ಸ್ ಆದ್ಮೇಲೆ? ವಾನ್ ಗಾಲ್, ಮೌರಿನ್ಯೊ, ಸೋಲ್‌ಶಾರ್, ಟೆನ್ ಹಾಗ್, ಅಮೋರಿಮ್. ಪ್ರತಿಯೊಬ್ಬರೂ ಬಂದು ಹೊಸ ಸಾಮಾನು ತಂದ್ರು, ಮುಂದಿನವರು ಅದನ್ನ ಆಚೆ ಹಾಕಿದ್ರು. 2024-25ರಲ್ಲಿ 15ನೇ ಸ್ಥಾನ, ಬರೆಯುವಾಗ ಕೈ ಓಡಲ್ಲ.

2023ರ ಜೂನ್ 7, ಪ್ರಾಗ್‌ನಲ್ಲಿ ಯುರೋಪಿನ ಕಾನ್ಫರೆನ್ಸ್ ಲೀಗ್ ಫೈನಲ್. ವೆಸ್ಟ್ ಹ್ಯಾಮ್ ಕೊನೇ ಗಳಿಗೇಲಿ ಗೋಲ್ ಹೊಡೆದು ಫಿಯೊರೆಂಟಿನಾ ವಿರುದ್ಧ 2-1 ಗೆದ್ದಾಗ ಅವರ ಮ್ಯಾನೇಜರ್ ಆಗಿದ್ದ ಮೊಯ್ಸ್ ಗೆರೆ ಪಕ್ಕ ಹುಚ್ಚರ ಥರ ಓಡಿದ್ರು. ಆಮೇಲೆ ತಮ್ಮ ಮೆಡಲ್ ತೆಗೆದು ವಯಸ್ಸಾದ ಅಪ್ಪನ ಕೊರಳಿಗೆ ಹಾಕಿದ್ರು. ನಮ್ಮಲ್ಲಿ ರಾತ್ರಿ ಎರಡೂವರೆ ದಾಟಿತ್ತು, ಮನೇಲಿ ಎಲ್ರೂ ಮಲಗಿದ್ರು. ನಾನು ಹಳೇ ಗ್ರೂಪ್ ತೆಗೆದು "ಸಾರಿ ಮೊಯ್ಸ್ ಸರ್" ಅಂತ ಹಾಕ್ದೆ. ಅವತ್ತು ರೂಮಲ್ಲಿದ್ದ ಐದರಲ್ಲಿ ಇಬ್ಬರು ಇನ್ನೂ ಎದ್ದಿದ್ರು, ಇಬ್ಬರೂ ಕೈ ಮುಗಿಯೋ ಎಮೋಜಿ ಕಳಿಸಿದ್ರು.