ಓದು ಒಕ್ಕಾಲು, ಪರಿಚಯ ಮುಕ್ಕಾಲು

ಪುಸ್ತಕಪ್ರಿಯರು ನಾಲ್ಕು ಜನ ಒಂದೆಡೆ ಸೇರಿದರೆ ಮೊದಲು ಆಗುವುದು ಪರಿಚಯ. ಕೊನೆಗೆ ಆಗುವುದೂ ಅದೇ. ನಡುವೆ ಬೇರೇನಾದರೂ ಆದೀತು ಎಂದು ಕಾದು ಕೂತವರನ್ನು ಕಂಡರೆ, ಪಾಪ, ಬಳಗಕ್ಕೆ ಹೊಸಬರು ಎಂದು ತಿಳಿಯಬೇಕು.

ಉಳಿದ ಮನುಷ್ಯರು ಹೆಸರು, ಕೆಲಸ ಹೇಳಿ ಕೂತುಬಿಡುತ್ತಾರೆ. ಓದುಗರು ಹಾಗೆಲ್ಲ ಕೂರುವವರಲ್ಲ. ಅವರದು ಬಾಲಕಾಂಡದಿಂದಲೇ ಶುರುವಾಗಬೇಕು. “ಬುದ್ಧಿ ಬಂದಾಗಿನಿಂದ ಓದ್ತಾ ಇದ್ದೀನಿ” ಅನ್ನುತ್ತಾರೆ. ಅದು ಬಂದದ್ದು ಯಾವಾಗ ಎಂದು ಕೇಳುವುದು ಸಭ್ಯತೆಯಲ್ಲ. ಆಮೇಲೆ ಟಾರ್ಚ್ ಬರುತ್ತದೆ. ಈ ಭೂಮಂಡಲದ ಪುಸ್ತಕಪ್ರಿಯರೆಲ್ಲರೂ ಬಾಲ್ಯದಲ್ಲಿ ಹೊದಿಕೆಯೊಳಗೆ ಟಾರ್ಚ್ ಹಿಡಿದೇ ಓದಿದವರು. ಮನೆಯಲ್ಲಿ ಹಾಡಹಗಲೇ “ಓದು, ಓದು” ಎಂದು ಅಪ್ಪ ಅಮ್ಮ ಬೆನ್ನು ಹತ್ತಿದ್ದಾಗ ಈ ಮಕ್ಕಳು ಕತ್ತಲಾಗುವವರೆಗೆ ಯಾಕೆ ಕಾದವು ಎಂಬುದನ್ನು ಯಾರೂ ವಿವರಿಸಿಲ್ಲ. ಟಾರ್ಚ್ ಸಿಗದವರ ಪಾಲಿಗೆ ಪೊಟ್ಟಣದ ಕಾಗದವಿದೆ: “ಸಾಮಾನು ಕಟ್ಟಿಕೊಟ್ಟ ಪೇಪರ್ ಚೂರನ್ನೂ ಬಿಡ್ತಿರಲಿಲ್ಲ, ಹರಿದಿದ್ದ ಕಡೆ ಮುಂದೇನಾಗಿರಬಹುದು ಅಂತ ರಾತ್ರಿಯೆಲ್ಲಾ ಯೋಚಿಸ್ತಿದ್ದೆ.” ಕೇಳಿ ಕಣ್ಣು ತೇವವಾಗುತ್ತದೆ. ಆ ಮಗು ಈಗೆಲ್ಲಿ ಕಾಣೆಯಾಯಿತೋ! ಅದೇ ಮಹಾನುಭಾವರು ಇಂದು ಸಾಲದ ಕರಾರುಪತ್ರದ ಹದಿನೆಂಟು ಪುಟಗಳನ್ನು ಕಣ್ಣೆತ್ತಿಯೂ ನೋಡದೆ “ಓದಿ ಒಪ್ಪಿದ್ದೇನೆ” ಎಂಬ ಗುಂಡಿಯನ್ನು ಒತ್ತುತ್ತಾರೆ.

ಬಾಲಕಾಂಡ ಮುಗಿಯುತ್ತಿದ್ದಂತೆ ಅಂಕಗಣಿತ. “ಈ ವರ್ಷದ ಗುರಿ ನೂರು. ಆಗಲೇ ಅರವತ್ತೆರಡು ಆಯ್ತು.” ಯಾವ ಅರವತ್ತೆರಡು ಎಂದು ಕೇಳಬಾರದು, ಸಂಖ್ಯೆ ಕೇಳಿ “ಓಹೋ” ಅನ್ನಬೇಕು, ತಪ್ಪಿದರೆ “ಅಬ್ಬಾ”. ಇದೆಲ್ಲ ಓದುಗರ ಜಾಲತಾಣ ಗುಡ್‌ರೀಡ್ಸ್ 2011ರಲ್ಲಿ ವರ್ಷಕ್ಕೆ ಇಷ್ಟು ಪುಸ್ತಕ ಎಂಬ ವಾರ್ಷಿಕ ಸವಾಲು ಹುಟ್ಟುಹಾಕಿದ್ದರಿಂದ ಬಂದದ್ದು ಎಂದು ಕೆಲವರು ಗೊಣಗುತ್ತಾರೆ. ನಾನು ಒಪ್ಪುವುದಿಲ್ಲ. ಎಣಿಸುವ ಚಪಲ ಮನುಷ್ಯನಿಗೆ ಮೊದಲೇ ಇತ್ತು, ಅವರು ಒಂದು ಪಟ್ಟಿ ಎಳೆದುಕೊಟ್ಟರು ಅಷ್ಟೆ.

ಲೆಕ್ಕವನ್ನೇ ನೋಡೋಣ. ಪುಸ್ತಕಕ್ಕೆ 300 ಪುಟ, ಪುಟಕ್ಕೆ ಎರಡು ನಿಮಿಷ ಎಂದು ಹಿಡಿದರೆ ನೂರು ಪುಸ್ತಕಕ್ಕೆ 1000 ಗಂಟೆ ಬೇಕು. ಅಂದರೆ ಜ್ವರ ಬಂದರೂ ನೆಂಟರು ಬಂದರೂ ರಜೆಯಿಲ್ಲದೆ ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆ. ಆಗದ ಕೆಲಸವೇನಲ್ಲ. ಮಾಡುವವರು ಇದ್ದಾರೆ, ಆದರೆ ಅವರು ಸಭೆಗೆ ಬರುವುದಿಲ್ಲ. ಬಂದರೆ ಆ ದಿನದ ಎರಡೂಮುಕ್ಕಾಲು ಗಂಟೆ ಹೋಯಿತಲ್ಲ.

ಬರುವವರಿಗೆ ದಾರಿ ತೋರಿಸಿರುವುದು ಯುನೆಸ್ಕೋ. ದೇಶದೇಶಗಳ ಪ್ರಕಟಣೆಯ ಅಂಕಿಅಂಶ ಒಂದೇ ಅಳತೆಯಲ್ಲಿ ಸಿಗಲಿ ಎಂದು ಅದು 1964ರಲ್ಲಿ ಪುಸ್ತಕವೆಂದರೆ ಏನು ಎಂಬುದನ್ನೇ ನಿಗದಿ ಮಾಡಿತು: ರಕ್ಷಾಪುಟ ಬಿಟ್ಟು ಕನಿಷ್ಠ 49 ಪುಟ ಇರಬೇಕು. 5ರಿಂದ 48 ಪುಟದ್ದು ಕಿರುಹೊತ್ತಗೆ. ಈ ನಲವತ್ತೊಂಬತ್ತನೆಯ ಪುಟದ ಮಹಿಮೆಯನ್ನು ಓದುಗರು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ. 49 ಪುಟದ ನೂರು ಪುಸ್ತಕ ಹುಡುಕಿಟ್ಟುಕೊಂಡರೆ ವರ್ಷಕ್ಕೆ ಒಟ್ಟು 4900 ಪುಟ; ದಿನಕ್ಕೆ ಹದಿಮೂರೂವರೆ ಪುಟ ಓದಿದರೆ ಡಿಸೆಂಬರ್ ಮುಗಿಯುವ ಮೊದಲೇ ಶತಕವೀರ. ಅತ್ತ ಸಾವಿರ ಪುಟದ ಕಾದಂಬರಿಯೊಂದನ್ನು ಮೂರು ತಿಂಗಳು ಎದೆಯ ಮೇಲಿಟ್ಟುಕೊಂಡು, ಪಾತ್ರಗಳ ಜೊತೆ ಜಗಳವಾಡಿ, ಒಬ್ಬಳು ಸತ್ತಾಗ ಎರಡು ದಿನ ಮಾತು ಬಿಟ್ಟವನ ಲೆಕ್ಕಕ್ಕೆ ಸೇರುವುದು ಒಂದು. ಬರೀ ಒಂದು.

ವರ್ಷಾಂತ್ಯ ಬಂತೆಂದರೆ ಕವನ ಸಂಕಲನಗಳಿಗೆ ಶುಕ್ರದೆಸೆ. ಇದ್ದಕ್ಕಿದ್ದಂತೆ ಎಲ್ಲರ ಕೈಯಲ್ಲೂ ಹಾಯ್ಕು. ಕವಿಗಳು ಇದನ್ನು ಕಾವ್ಯಪ್ರೀತಿ ಎಂದು ತಪ್ಪು ತಿಳಿಯಬಾರದು. ಗುರಿಗೆ ಇನ್ನು ಆರು ಬಾಕಿ ಇದೆ, ವರ್ಷಕ್ಕೆ ನಾಲ್ಕೇ ದಿನ ಉಳಿದಿದೆ.

ವೇಗದ ವಿಷಯ ಬೇರೆ. 190 ಅಧ್ಯಯನಗಳನ್ನು ಒಟ್ಟು ಹಾಕಿ ಮಾರ್ಕ್ ಬ್ರಿಸ್ಬರ್ಟ್ ಎಂಬ ಮನೋವಿಜ್ಞಾನಿ 2019ರಲ್ಲಿ ತೆಗೆದ ಸರಾಸರಿಯ ಪ್ರಕಾರ, ಇಂಗ್ಲಿಷನ್ನು ಮನಸ್ಸಿನಲ್ಲೇ ಓದಿಕೊಳ್ಳುವ ವಯಸ್ಕರ ವೇಗ ನಿಮಿಷಕ್ಕೆ 238 ಪದ, ಕಥೆ ಕಾದಂಬರಿಯಾದರೆ 260. ಪರಿಚಯದ ಸಭೆಯಲ್ಲಿ ಆರುನೂರಕ್ಕಿಂತ ಕಡಿಮೆ ಓದುವವರನ್ನು ನೀವು ಕಾಣಲಾರಿರಿ. ಸರಾಸರಿಯನ್ನು ಕೆಳಕ್ಕೆ ಎಳೆಯುತ್ತಿರುವ ಆ ಉಳಿದವರು ಯಾರು, ಎಲ್ಲಿದ್ದಾರೆ ಎಂಬುದೇ ನಿಗೂಢ.

ಇನ್ನು ಏಕಕಾಲಕ್ಕೆ ಏಳು ಪುಸ್ತಕ ಓದುವ ಅಷ್ಟಾವಧಾನಿಗಳು. ಹಾಸಿಗೆಗೊಂದು, ಪ್ರಯಾಣಕ್ಕೊಂದು, ಬಚ್ಚಲಿಗೊಂದು, ಬೇಸರಕ್ಕೊಂದು. ಏಳರಲ್ಲೂ ಗುರುತಿನ ಪಟ್ಟಿ ಸಿಕ್ಕಿರುವುದು ಮಾತ್ರ ಮುನ್ನುಡಿಯ ಆಸುಪಾಸಿನಲ್ಲಿ. 2014ರಲ್ಲಿ ಜೋರ್ಡನ್ ಎಲೆನ್‌ಬರ್ಗ್ ಎಂಬ ಗಣಿತಜ್ಞರು ತಮಾಷೆಗೆಂದು ಒಂದು ಸೂಚ್ಯಂಕ ಮಾಡಿದರು. ಕಿಂಡಲ್ ಎಂಬ ಇ-ಪುಸ್ತಕದ ಸಾಧನದಲ್ಲಿ ಒಂದು ಪುಸ್ತಕದ ಯಾವ ಐದು ಸಾಲುಗಳಿಗೆ ಅತಿ ಹೆಚ್ಚು ಜನ ಗೆರೆ ಎಳೆದಿದ್ದಾರೆ, ಆ ಸಾಲುಗಳು ಸರಾಸರಿ ಎಷ್ಟನೆಯ ಪುಟದಲ್ಲಿವೆ, ಅದು ಇಡೀ ಪುಸ್ತಕದ ಶೇಕಡಾ ಎಷ್ಟು ಎಂಬ ಲೆಕ್ಕ. ಅಂಕ ಕಡಿಮೆಯಾದಷ್ಟೂ ಓದು ಬೇಗ ನಿಂತಿದೆ ಎಂದರ್ಥ. ಆ ವರ್ಷ ಜಗತ್ತೆಲ್ಲ ಮಾತಾಡಿದ, ಸುಮಾರು 700 ಪುಟದ ಅರ್ಥಶಾಸ್ತ್ರದ ಗ್ರಂಥವೊಂದಕ್ಕೆ ಬಂದ ಅಂಕ ಶೇ 2.4. ಇದು ವಿಜ್ಞಾನವಲ್ಲ ಎಂದು ಅವರೇ ಹೇಳಿಬಿಟ್ಟರು. ಆದರೂ ಆ ಅಂಕಿಯನ್ನು ಓದಿದಾಗ ಎಷ್ಟೋ ಮಂದಿ ಗೆರೆ ಎಳೆಯಲೆಂದೇ ಕೊನೆಯ ಅಧ್ಯಾಯಕ್ಕೆ ಓಡಿರಬೇಕು.

ಈಗ ಮೂಗಿನಿಂದ ಓದುವವರ ಸರದಿ. “ಏನೇ ಹೇಳಿ, ಹಳೇ ಪುಸ್ತಕದ ಆ ವಾಸನೆ ಇದೆಯಲ್ಲಾ...” ಇಷ್ಟು ಹೇಳಿ ಅವರು ಕಣ್ಣು ಮುಚ್ಚುತ್ತಾರೆ. ಪಕ್ಕದವರೂ ಮುಚ್ಚುತ್ತಾರೆ. ಸಭೆಯಲ್ಲಿ ಅತಿ ಹೆಚ್ಚು ಸಹಮತ ಸಿಗುವ ವಾಕ್ಯ ಇದು. ಒಳಗೆ ಏನಿದೆ ಎಂಬುದರ ಬಗ್ಗೆ ಭಿನ್ನಾಭಿಪ್ರಾಯ ಬರಬಹುದು, ವಾಸನೆಯ ಬಗ್ಗೆ ಬರುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮತಿಯಾ ಸ್ಟ್ರಲಿಚ್ ಮತ್ತು ಸಂಗಡಿಗರು 2009ರಲ್ಲಿ ಈ ವಾಸನೆಯನ್ನೇ ಪರೀಕ್ಷೆಗೆ ಹಚ್ಚಿ, ಅದರಲ್ಲಿ ಹುಲ್ಲಿನ ಛಾಯೆ, ಹುಳಿಯ ಚುರುಕು, ವೆನಿಲಾದ ಸುಳಿವು, ತಳದಲ್ಲಿ ಮುಗ್ಗಲು ಇದೆ ಎಂದು ವರ್ಣಿಸಿದರು. ಅವರು ರಸಿಕತೆಗಾಗಿ ಮೂಸಲಿಲ್ಲ. ಕಾಗದ ಶಿಥಿಲವಾಗುತ್ತಾ ಗಾಳಿಗೆ ಬಿಡುವ ಆವಿಗಳನ್ನು ಅಳೆದರೆ, ಪುಟ ಹರಿಯದೆಯೇ ಅದು ಎಷ್ಟು ಹಾಳಾಗಿದೆ ಎಂದು ತಿಳಿಯಬಹುದು ಎಂಬುದು ಅವರ ಉದ್ದೇಶ. ಒಟ್ಟಿನಲ್ಲಿ ಪುಸ್ತಕ ಕೊನೆಯುಸಿರು ಎಳೆಯುತ್ತಿರುತ್ತದೆ, ಇವರು ಆಹಾ ಎನ್ನುತ್ತಿರುತ್ತಾರೆ.

ಮೂಗಿಗೆ ಬಿಟ್ಟರೆ ಹೆಚ್ಚು ಕೆಲಸ ಕಪಾಟಿಗೆ. ಓದುಗರು ತಮ್ಮ ಬಗ್ಗೆ ಹೇಳಲಾಗದ್ದನ್ನೆಲ್ಲ ಅದು ಹೇಳುತ್ತದೆ. 2020ರಲ್ಲಿ ಲೋಕವೆಲ್ಲ ಮನೆಯಿಂದ ವಿಡಿಯೊ ಕರೆ ಮಾಡತೊಡಗಿದಾಗ, ಯಾರ ಬೆನ್ನ ಹಿಂದೆ ಯಾವ ಗ್ರಂಥ ಎಂದು ನೋಡುವುದೇ ಒಂದು ವಿದ್ಯೆಯಾಯಿತು. ಕೊರೊನಾ ತಗ್ಗಿದರೂ ಬೆನ್ನು ತಿರುಗಲಿಲ್ಲ. ಕ್ಯಾಮೆರಾದತ್ತ ಮುಖ, ಪುಸ್ತಕದತ್ತ ಬೆನ್ನು: ಇಂದಿನ ಓದುಗರ ಅಧಿಕೃತ ಭಂಗಿ ಇದು.

ಚಾಳಿ ಹೊಸದೇನಲ್ಲ. ಇಡೀ ಜನ್ಮದಲ್ಲಿ ಹೆಸರುಗಳನ್ನಷ್ಟೇ ಓದಿ ಮುಗಿಸಲೂ ಆಗದಷ್ಟು ಪುಸ್ತಕ ಇಟ್ಟುಕೊಂಡು ಏನು ಪ್ರಯೋಜನ ಎಂದು ರೋಮಿನ ತತ್ವಜ್ಞಾನಿ ಸೆನೆಕ ಎರಡು ಸಾವಿರ ವರ್ಷದ ಹಿಂದೆಯೇ ಕೇಳಿದ್ದ. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅಂತೂ ತನ್ನ ಓದುವ ಕೋಣೆಯ ಬಾಗಿಲಿಗೆ ಬೆನ್ನು ಮಾತ್ರ ಇರುವ ಪೊಳ್ಳು ಪುಸ್ತಕಗಳನ್ನು ಮಾಡಿಸಿಕೊಂಡಿದ್ದ. ಬೆಕ್ಕಿನ ಜನ್ಮಗಳು, ಒಂಬತ್ತು ಸಂಪುಟ. ಒಂದು ಚಿಕ್ಕ ವ್ಯಾಜ್ಯದ ಇತಿಹಾಸ, ಇಪ್ಪತ್ತೊಂದು ಸಂಪುಟ. ಆತನದು ತಮಾಷೆ, ಹೆಸರುಗಳನ್ನು ತಾನೇ ಹೊಸೆದಿದ್ದ. ನಮ್ಮವರ ಕಪಾಟಿನಲ್ಲಿ ಒಳಗೆ ಹಾಳೆಯೂ ಇರುತ್ತದೆ, ಹಾಳೆಯ ಮೇಲೆ ಅಕ್ಷರವೂ ಇರುತ್ತದೆ. ಬಳಕೆಯಲ್ಲಿ ಮಾತ್ರ ಡಿಕನ್ಸನ ಬಾಗಿಲಿಗೂ ಅದಕ್ಕೂ ವ್ಯತ್ಯಾಸ ಕಾಣದು.

ಇತ್ತೀಚೆಗೆ ಪುಸ್ತಕಗಳನ್ನು ಬಣ್ಣದ ಪ್ರಕಾರ ಜೋಡಿಸುವುದು ಬಂದಿದೆ. ಕೆಂಪಿನ ಪಕ್ಕ ಕೆಂಪು, ನೀಲಿಯ ಪಕ್ಕ ನೀಲಿ. ಅಡುಗೆಯ ಕೈಪಿಡಿ, ಉಪನಿಷತ್ತು, ಷೇರು ಮಾರುಕಟ್ಟೆ ಮೂರೂ ಹಳದಿಯಾದ್ದರಿಂದ ಅಣ್ಣತಮ್ಮಂದಿರಂತೆ ನಿಂತಿವೆ. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಜ್ಞಾನವನ್ನೆಲ್ಲ ಹತ್ತು ವರ್ಗಕ್ಕೆ ಹಂಚಿ ದಶಮಾಂಶ ಹಾಕಿದ್ದು, ಅದು ಸಾಲದೆಂದು ನಮ್ಮ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಕೋಲನ್ ವರ್ಗೀಕರಣ ಎಂಬ ಇನ್ನೊಂದು ವಿಂಗಡಣೆ ಕಟ್ಟಿದ್ದು, ಎಲ್ಲ ವ್ಯರ್ಥ ಶ್ರಮ. ಕಾಮನಬಿಲ್ಲನ್ನು ನೋಡಿದ್ದರೆ ಸಾಕಾಗಿತ್ತು. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದುಕೊಟ್ಟರು. ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು ಮೊದಲನೆಯದು. ಬಳಕೆ ಎಂದರೆ ಯಾವ ಬಳಕೆ ಎಂದು ಅವರು ಬಿಡಿಸಿ ಹೇಳಬೇಕಿತ್ತು.

ಕಪಾಟಿನಿಂದ ಯುದ್ಧಕಾಂಡಕ್ಕೆ ಒಂದೇ ಹೆಜ್ಜೆ. ಪುಟದ ಮೂಲೆ ಮಡಿಸುವವರು ಒಂದು ಪಾಳಯ, ಗುರುತಿನ ಪಟ್ಟಿ ಇಡುವವರು ಇನ್ನೊಂದು. ಪೆನ್ಸಿಲಿನಲ್ಲಿ ಗೆರೆ ಎಳೆಯುವುದು ಸಲ್ಲುತ್ತದೆಯೇ, ಪೆನ್ನಿನಲ್ಲಿ ಎಳೆದವರಿಗೆ ಪ್ರಾಯಶ್ಚಿತ್ತ ಉಂಟೇ ಎಂಬ ಧರ್ಮಜಿಜ್ಞಾಸೆ ನಡೆಯುತ್ತದೆ. ಎರವಲು ಕೊಡುವ ವಿಷಯಕ್ಕೆ ಬಂದರೆ ಮಾತ್ರ ಎರಡೂ ಪಾಳಯ ಒಂದು: ಕೊಡಬಾರದು. ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆಯುತ್ತಿದ್ದ ಹಳೆಯ ಶ್ಲೋಕವೊಂದಿದೆ. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ ಎಂದು ಪುಸ್ತಕವೇ ಬೇಡಿಕೊಳ್ಳುತ್ತದೆ. ಇದನ್ನು ಸಭೆಯಲ್ಲಿ ಉದ್ಧರಿಸಿದವರೆಲ್ಲ ಮೂರ್ಖ ಎಂದಾಗ ಎರವಲು ಕೇಳಿದವನತ್ತಲೇ ಕೈ ತೋರಿಸುತ್ತಾರೆ. ತಂದಿಟ್ಟು ತೆರೆಯದವನ ಕೈಯೂ ಕೈಯೇ ಅಲ್ಲವೇ ಎಂಬ ಅನುಮಾನ ಅವರಿಗೆ ಬರುವುದಿಲ್ಲ.

ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ಓದುವುದನ್ನು ಕಂಡು ಸಂತ ಆಗಸ್ಟೀನ್ ಬರೆದಿಟ್ಟದ್ದು ಇಲ್ಲಿ ನೆನಪಾಗುತ್ತದೆ. ಕಣ್ಣು ಪುಟದ ಮೇಲೆ ಓಡುತ್ತಿತ್ತಂತೆ, ನಾಲಿಗೆ ಸುಮ್ಮನಿತ್ತಂತೆ. ನೋಡಲು ಹೋದವರು ತುಸು ಹೊತ್ತು ಸದ್ದಿಲ್ಲದೆ ಕೂತಿದ್ದು, ಈ ಮನುಷ್ಯನಿಗೆ ತೊಂದರೆ ಕೊಡುವುದು ಬೇಡವೆಂದು ಎದ್ದು ಬರುತ್ತಿದ್ದರಂತೆ. ಪರಿಚಯದ ಸಭೆಗೆ ಆಗಸ್ಟೀನ್ ಬಂದರೂ ಬೆರಗಾಗುವುದು ಖಂಡಿತ. ಇಲ್ಲಿ ನಾಲಿಗೆ ಓಡುತ್ತದೆ, ಕಣ್ಣಿಗೆ ವಿಶ್ರಾಂತಿ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದಕ್ಕೊಂದು ಮದ್ದು ಹುಡುಕಿದರು: ಎಲ್ಲರೂ ಒಟ್ಟಿಗೆ ಕೂತು, ಅವರವರ ಪುಸ್ತಕ ಅವರವರು, ಸುಮ್ಮನೆ ಓದುವ ಕೂಟ. ನಮ್ಮ ಬಳಗವೊಂದು ಇದನ್ನು ಪ್ರಯೋಗಿಸಿದಾಗ ಮೌನವೇನೋ ಚೆನ್ನಾಗಿಯೇ ಇತ್ತು. ಫೋಟೋ ತೆಗೆದು ಮುಗಿಯುವವರೆಗೆ ಇತ್ತು.

ಇಂಥದ್ದೇ ಒಂದು ಸಭೆಯನ್ನು ಊಹಿಸಿಕೊಳ್ಳಿ. ಟಾರ್ಚುಗಳೆಲ್ಲ ಆರಿವೆ, ಸಂಖ್ಯೆಗಳು ದಾಖಲಾಗಿವೆ, ವಾಸನೆಗೆ ಸರ್ವಾನುಮತ ಸಿಕ್ಕಿದೆ. ಹಿಂದಿನ ಸಾಲಿನ ಹೆಂಗಸೊಬ್ಬರ ಸರದಿ ಬರುತ್ತದೆ. ಹೆಸರು ಹೇಳಿ, “ಒಂದು ಕಾದಂಬರಿ ಓದ್ತಾ ಇದ್ದೆ. ಅದರಲ್ಲಿ ಒಬ್ಬ ಗಡಿಯಾರ ರಿಪೇರಿಯವನು, ಹೆಂಡತಿ ತೀರಿಕೊಂಡ ದಿನ...” ಎಂದು ಶುರು ಮಾಡುತ್ತಾರೆ.

ಸಭೆ ಗಾಬರಿಯಾಗುತ್ತದೆ.

“ಸ್ಪಾಯ್ಲರ್! ಸ್ಪಾಯ್ಲರ್! ಕಥೆ ಹೇಳ್ಬೇಡಿ!” ಎಂದು ಒಬ್ಬರು ಎರಡೂ ಕಿವಿ ಮುಚ್ಚಿಕೊಳ್ಳುತ್ತಾರೆ. ಆ ಪುಸ್ತಕ ಅವರ ಏಳರಲ್ಲಿ ಒಂದು, ಬಚ್ಚಲಿನದು. “ಎಷ್ಟು ಪುಟ ಮೇಡಂ?” ಎಂದು ಶತಕವೀರರು ಕೇಳುತ್ತಾರೆ. ಪುಟ ನೋಡಿಲ್ಲ ಎನ್ನುತ್ತಾರೆ ಆಕೆ. “ಪೇಪರ್ರೋ ಕಿಂಡಲ್ಲೋ?” ಎಂಬುದು ಇನ್ನೊಬ್ಬರ ಪ್ರಶ್ನೆ. ಎರವಲು ತಂದದ್ದು ಎಂದಾಗ ಸಣ್ಣ ಗುಸುಗುಸು. ಈ ವರ್ಷದ್ದು ಎಷ್ಟನೆಯದು ಎಂದರೆ ಆಕೆ ಸ್ವಲ್ಪ ಯೋಚಿಸಿ, “ಇದೇ. ಎರಡನೇ ಸಲ ಓದ್ತಾ ಇದ್ದೀನಿ” ಅನ್ನುತ್ತಾರೆ. ಎರಡನೆಯ ಸಲ ಓದಿದ್ದನ್ನು ಎರಡು ಎಂದು ಹಿಡಿಯಬೇಕೋ ಒಂದು ಎಂದೋ ಎಂಬುದರ ಮೇಲೆ ಬಿಸಿ ಚರ್ಚೆಯಾಗಿ, ತೀರ್ಮಾನ ಉಪಸಮಿತಿಗೆ ಹೋಗುತ್ತದೆ.

ಅಷ್ಟರಲ್ಲಿ ಸಮಯವಾಗಿರುತ್ತದೆ. ಸಂಚಾಲಕರು ಎದ್ದು ನಿಂತು, ಇನ್ನೂ ಹನ್ನೊಂದು ಜನರ ಪರಿಚಯ ಬಾಕಿ ಇದೆಯೆಂದೂ, ಮುಂದಿನ ತಿಂಗಳ ಸಭೆಯನ್ನೂ ಅದಕ್ಕೇ ಮೀಸಲಿಡಲಾಗಿದೆಯೆಂದೂ, ಪುಸ್ತಕಗಳ ಬಗ್ಗೆ ಮಾತಾಡಬಯಸುವವರು ಸಭೆ ಮುಗಿದ ಮೇಲೆ ಹೊರಗಡೆ ವೈಯಕ್ತಿಕವಾಗಿ ಮಾತಾಡಿಕೊಳ್ಳಬಹುದೆಂದೂ ಪ್ರಕಟಿಸುತ್ತಾರೆ.