ಎಡಗೈಗೆ ಮಾತ್ರ ಕೊಡಿ

ಚಿಕ್ಕಮಗಳೂರಿನಲ್ಲಿ ಸಮತಟ್ಟಾದ ಜಾಗ ಇರುವುದು ಕೇರಂ ಬೋರ್ಡಿನ ಮೇಲೆ ಮಾತ್ರ. ನಡೆಯುವವರಿಗೆ ಇದು ಗೊತ್ತಾಗುವುದಿಲ್ಲ. ಅವರ ಕಾಲು ಏರನ್ನೂ ಇಳಿಜಾರನ್ನೂ ತನ್ನ ಪಾಡಿಗೆ ಸುಧಾರಿಸಿಕೊಂಡು ಹೋಗುತ್ತದೆ, ಯಜಮಾನನಿಗೆ ವರದಿ ಒಪ್ಪಿಸುವುದಿಲ್ಲ. ಐ.ಜಿ. ರಸ್ತೆಯಲ್ಲಿ ಯಾವ ಅಂಗಡಿಯ ಮುಂದೆ ಏರು ಶುರುವಾಗುತ್ತದೆ, ಯಾವ ಬೇಕರಿಯ ಮುಂದೆ ಮುಗಿಯುತ್ತದೆ ಎಂಬುದನ್ನು ಸರ್ವೆಯವರಿಗಿಂತ ಚೆನ್ನಾಗಿ ಬಲ್ಲವನು ಗಾಲಿಕುರ್ಚಿಯಲ್ಲಿ ಕೂತವನು. ಅವನ ಅಂಗೈಯಲ್ಲಿ ಊರಿನ ನಕ್ಷೆಯೇ ಬರೆದಿರುತ್ತದೆ, ಬೊಬ್ಬೆಗಳ ರೂಪದಲ್ಲಿ.

ನಾನು ಈ ಕುರ್ಚಿಗೆ ಬಂದ ಕಥೆ ಚಿಕ್ಕದು. ಕಾಳುಮೆಣಸು ಕೊಯ್ಯಲು ಸಿಲ್ವರ್ ಮರ ಹತ್ತಿದ್ದೆ. ಹತ್ತಿದ್ದು ಏಣಿಯಲ್ಲಿ, ಇಳಿದದ್ದು ಏಣಿಯಲ್ಲಲ್ಲ. ಆ ವಿಷಯ ಅಷ್ಟು ಸಾಕು. ಈಗ ಹೇಳುತ್ತಿರುವುದು ಗ್ಲೌಸಿನ ಸಮಾಚಾರ.

ಗಾಲಿಕುರ್ಚಿಯ ದೊಡ್ಡ ಚಕ್ರದ ಹೊರಮೈಗೆ ಒಂದು ಸ್ಟೀಲ್ ಬಳೆ ಇರುತ್ತದೆ. ಟೈರು ಮುಟ್ಟದೆ ಆ ಬಳೆ ಹಿಡಿದು ನೂಕಬೇಕು. ಆಕ್ಸಿಲರೇಟರೂ ಅದೇ, ಸ್ಟಿಯರಿಂಗೂ ಅದೇ, ಬ್ರೇಕೂ ಅದೇ. ಪಕ್ಕದಲ್ಲಿ ಬ್ರೇಕಿನ ಲಿವರ್ ಒಂದಿದೆಯಲ್ಲ ಎಂದು ಕೇಳುವವರುಂಟು. ಅದು ನಿಂತ ಕುರ್ಚಿ ಓಡದಿರಲಿ ಅಂತ. ಓಡುವ ಕುರ್ಚಿಯನ್ನು ನಿಲ್ಲಿಸುವ ಕೆಲಸ ಅಂಗೈಯದ್ದು. ಅದರಲ್ಲೂ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಆ ಮೆತ್ತನೆಯ ಸಂದಿಯದ್ದು.

ತಾಪತ್ರಯ ಶುರುವಾಗುವುದೇ ಇಲ್ಲಿ. ಏರಿನಲ್ಲಿ ಕೈ ಬಳೆಗೆ ಅಂಟಿಕೊಳ್ಳಬೇಕು, ಇಳಿಜಾರಿನಲ್ಲಿ ಬಳೆ ಕೈಯೊಳಗೆ ಹದವಾಗಿ ಜಾರಬೇಕು. ಅಂಟುವ ಗ್ಲೌಸು ಜಾರುವುದಿಲ್ಲ, ಜಾರುವ ಗ್ಲೌಸು ಅಂಟುವುದಿಲ್ಲ. ಬಯಲುಸೀಮೆಯಲ್ಲಿದ್ದರೆ ಯಾವುದಾದರೂ ಒಂದನ್ನು ಹಾಕಿಕೊಂಡು ಬದುಕಬಹುದಿತ್ತು. ನಮ್ಮ ಮನೆಯಿಂದ ಹಾಲಿನ ಬೂತಿಗೆ ಹೋಗುವಷ್ಟರಲ್ಲಿ ಎರಡೂ ಬೇಕಾಗುತ್ತದೆ.

ಬರಿಗೈಯಲ್ಲಿ ಇಳಿದರೆ ಏನಾಗುತ್ತದೆ ಅಂತ ಹಾಸನದಲ್ಲಿ ಮೆಕ್ಯಾನಿಕಲ್ ಓದುವ ನನ್ನ ಸೋದರಳಿಯ ಹಬ್ಬಕ್ಕೆ ಬಂದಾಗ ಲೆಕ್ಕ ಹಾಕಿ ತೋರಿಸಿದ.

"ಮಾವ, ಕುರ್ಚಿ ಸೇರಿ ನೀವು 85 ಕೆ.ಜಿ. ಅಂತ ಇಟ್ಕೊಳ್ಳಿ. ಹತ್ತು ಮೀಟರ್ ಎತ್ತರದಿಂದ ಬ್ರೇಕ್ ಹಿಡ್ಕೊಂಡೇ ಇಳಿದ್ರೆ ಎಂಟು ಸಾವಿರ ಚಿಲ್ಲರೆ ಜೂಲ್ ಶಾಖ. ನೂರು ಮಿ.ಲೀ. ನೀರನ್ನ 20 ಡಿಗ್ರಿ ಬಿಸಿ ಮಾಡಬಹುದು."

"ಮುಳ್ಳಯ್ಯನಗಿರಿಯಿಂದ ಇಳಿದ್ರೆ?"

ಅವನಿಗೆ ಇಂಥ ಪ್ರಶ್ನೆಯೇ ಬೇಕಿತ್ತು. ಮುಳ್ಳಯ್ಯನಗಿರಿ 1930 ಮೀಟರ್, ಊರಿಗಿಂತ ಎಂಟುನೂರು ಮೀಟರಿಗೂ ಮೇಲೆ. ಆ ಶಾಖವೆಲ್ಲ ಅಂಗೈಗೇ ಬಂತು ಅಂದುಕೊಂಡರೆ ಎರಡು ಲೀಟರ್ ನೀರು ಕುದಿಯುತ್ತದಂತೆ. ಅಡುಗೆಮನೆಯಿಂದ ಅಮ್ಮ, "ಗ್ಯಾಸ್ ಖಾಲಿಯಾದ ದಿನ ಹೇಳ್ತೀನಿ, ಹೋಗಿ ಬಾ" ಅಂದರು.

ಅಮ್ಮ ಹೀಗೆ ಅಂದರೂ ಮೊದಲ ಗ್ಲೌಸು ಕೊಟ್ಟವರು ಅವರೇ. ಉಲ್ಲನ್ನಿನಲ್ಲಿ ಹೆಣೆದದ್ದು, ಕಂದು ಬಣ್ಣ, ಮಣಿಕಟ್ಟಿನ ಹತ್ತಿರ ಹೂವು. ಹಾಕಿಕೊಂಡು ನೂಕಿದರೆ ಕೈ ಮುಂದಕ್ಕೆ ಹೋಗುತ್ತಿತ್ತು, ಕುರ್ಚಿ ಇದ್ದಲ್ಲೇ ಇರುತ್ತಿತ್ತು. ಕ್ರೋಮಿಯಂ ಹೊಳಪಿನ ಬಳೆಯ ಮೇಲೆ ಉಲ್ಲನ್ನು ಎಷ್ಟು ಚೆನ್ನಾಗಿ ಓಡಾಡಿತೆಂದರೆ ಒಂದೇ ವಾರದಲ್ಲಿ ಬಳೆಗೆ ಪಾಲಿಶ್ ಬಂತು.

ಆಮೇಲೆ ಭಾವ ಸೈಕಲ್ ಗ್ಲೌಸು ತಂದುಕೊಟ್ಟರು. ಅರ್ಧ ಬೆರಳಿನದ್ದು, ಒಳಗೆ ಜೆಲ್ ಮೆತ್ತೆ. ಆದರೆ ಸೈಕಲಿನವನ ಭಾರ ಹ್ಯಾಂಡಲ್ಲಿನ ಮೇಲೆ ಬೀಳುವುದು ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ. ಮೆತ್ತೆ ಇರುವುದೂ ಅಲ್ಲೇ. ನನಗೆ ಬೇಕಾದ ಹೆಬ್ಬೆರಳಿನ ಸಂದಿಯಲ್ಲಿ ಸೊಳ್ಳೆಪರದೆಯಂಥ ಬಟ್ಟೆ. ಅದು ಮೊದಲ ಇಳಿಜಾರಿಗೇ ಕಿಟಕಿ ತೆರೆಯಿತು. ಜಿಮ್ಮಿನವರ ಗ್ಲೌಸಿನದ್ದು ಇನ್ನೊಂದು ಬಗೆ, ಬೆರಳಿನ ಬುಡಕ್ಕೆ ದಪ್ಪ ಮೆತ್ತೆ. ಮೆತ್ತೆ ಹೆಚ್ಚಾದಷ್ಟೂ ಒಳ್ಳೆಯದು ಅಂತ ಅಂಗಡಿಯವನು ವಾದಿಸಿದ. ಮೆತ್ತೆ ದಪ್ಪವಾದರೆ ಬಳೆ ಕೈಗೆ ಸಿಗುವುದಿಲ್ಲ, ಹಿಡಿಯಲು ಇನ್ನೂ ಬಿಗಿಯಾಗಿ ಮುಷ್ಟಿ ಕಟ್ಟಬೇಕು, ಸಂಜೆಗೆ ಮುಂಗೈ ಸೆಳೆತ. ಫಿಸಿಯೋಥೆರಪಿ ಮೇಡಂ ಅದನ್ನು ನೋಡಿ ಬೈದೇಬಿಟ್ಟರು. ಅಂಗೈ ಬುಡದಿಂದ ಬಳೆಗೆ ಪಟಪಟ ಗುದ್ದಬಾರದಂತೆ, ಮಣಿಕಟ್ಟಿನೊಳಗಿನ ನರ ಒತ್ತಿಕೊಂಡು ಬೆರಳು ಜೋಮು ಹಿಡಿಯುತ್ತದಂತೆ. ಉದ್ದಕ್ಕೆ, ನಿಧಾನಕ್ಕೆ ನೂಕಿ, ಬಿಟ್ಟ ಮೇಲೆ ಕೈಯನ್ನು ಬಳೆಗಿಂತ ಕೆಳಗೆ ಇಳಿಬಿಟ್ಟು ಹಿಂದಕ್ಕೆ ತರಬೇಕಂತೆ. ನಮ್ಮ ರಸ್ತೆಯಲ್ಲಿ ಉದ್ದಕ್ಕೆ ನೂಕುವುದಕ್ಕೆ ಎರಡು ಗುಂಡಿಗಳ ನಡುವೆ ಅಷ್ಟು ಜಾಗ ಬೇಕಲ್ಲ.

ಅಳತೆಯ ವಿಷಯವನ್ನು ಮಾತ್ರ ಮೇಡಂ ಸರಿಯಾಗಿ ಕಲಿಸಿದರು. ಹೆಬ್ಬೆರಳು ಬಿಟ್ಟು, ಉಳಿದ ನಾಲ್ಕು ಬೆರಳುಗಳ ಗೆಣ್ಣಿನ ಸುತ್ತ ಟೇಪು ಸುತ್ತಬೇಕು. ಗ್ಲೌಸು ಒಂದಿಷ್ಟು ಸಡಿಲವಿದ್ದರೂ ಒಳಗೆ ಬಟ್ಟೆ ಮಡಿಸಿಕೊಂಡು, ಗ್ಲೌಸಿಲ್ಲದೆ ಬರಬೇಕಾದ ಬೊಬ್ಬೆ ಗ್ಲೌಸಿನಿಂದಲೇ ಬರುತ್ತದೆ.

ನಂತರ ಬಂದದ್ದು ಚರ್ಮದ ಗ್ಲೌಸು. ಇಳಿಜಾರಿಗೆ ಚರ್ಮವನ್ನು ಮೀರಿಸಿದ್ದು ಇಲ್ಲ ಎಂಬುದು ಇಂದಿಗೂ ನನ್ನ ಅಭಿಪ್ರಾಯ. ಬಿಸಿ ತಡೆಯುತ್ತದೆ, ಬಳೆಯನ್ನು ಕಚ್ಚದೆ ಹದವಾಗಿ ಜಾರಗೊಡುತ್ತದೆ. ಬೇಸಿಗೆ ಪೂರ್ತಿ ನಾನು ರಾಜನಂತೆ ಓಡಾಡಿದೆ. ಅಷ್ಟರಲ್ಲಿ ಆರಿದ್ರಾ ಮಳೆ ಬಂತು. ಒದ್ದೆ ಚರ್ಮ ಒದ್ದೆ ಸ್ಟೀಲಿನ ಮೇಲೆ ಮಾಡುವ ಕೆಲಸಕ್ಕೆ ಬ್ರೇಕು ಅನ್ನುವುದು ಕಷ್ಟ. ಮನೆಗೆ ಬಂದರೆ ಅಂಗೈ ತುಂಬ ಕಪ್ಪು ಬಣ್ಣ. ನನ್ನ ಹೆಂಡತಿ ಗ್ಲೌಸನ್ನು ಬಚ್ಚಲೊಲೆಯ ಪಕ್ಕ ಒಣಗಿಸಿದಳು. ಬೆಳಿಗ್ಗೆ ಅದು ಸೆಟೆದುಕೊಂಡು ತನ್ನಷ್ಟಕ್ಕೆ ತಾನೇ ನಿಂತಿತ್ತು, ಯಾರಿಗೋ ಕೈಮುಗಿಯುವ ಸಿದ್ಧತೆಯಲ್ಲಿ. ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗೆ ಮಾಡಿ ಬೀರುವಿನಲ್ಲಿಟ್ಟೆವು. ಆಶ್ಲೇಷ ಮಳೆಯ ಹೊತ್ತಿಗೆ ತೆಗೆದು ನೋಡಿದರೆ ಬೆಲ್ಟಿಗೆ, ಪರ್ಸಿಗೆ ಬಂದ ಹಾಗೆ ಅದಕ್ಕೂ ಬಿಳಿ ಬೂಸ್ಟು.

ಈ ನಡುವೆ ಆನ್‌ಲೈನಿನಲ್ಲಿ ತರಿಸಿದ ಒಂದು ಜೊತೆಯ ವಿಷಯ ಹೇಳಲೇಬೇಕು. ಅದು ನಿಜವಾಗಿ ಗಾಲಿಕುರ್ಚಿಯವರಿಗೆಂದೇ ಮಾಡಿದ್ದು. ಸಂದಿಗೆ ಎರಡು ಪದರ, ಬೆರಳು ಅರ್ಧ, ಮಣಿಕಟ್ಟಿಗೆ ಅಗಲವಾದ ವೆಲ್ಕ್ರೋ ಪಟ್ಟಿ. ಬೆಲೆ ಕೇಳಿ ಅಮ್ಮ, "ಕೈಯೂ ಜೊತೇಲೇ ಬರುತ್ತಾ?" ಅಂದಿದ್ದರು. ಸಂಬಂಧಿಕರೊಬ್ಬರ ಮಗಳ ಮದುವೆಗೆ ಅದನ್ನು ಹಾಕಿಕೊಂಡು ಹೋದೆ. ಕಲ್ಯಾಣಮಂಟಪಕ್ಕೆ ರ‍್ಯಾಂಪ್ ಇತ್ತು. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಇರಬೇಕೆಂಬುದು ನಿಯಮ; ಅಲ್ಲಿ ಹನ್ನೆರಡನ್ನು ಮೂರಕ್ಕೆ ಇಳಿಸಿ ಸಿಮೆಂಟು ಉಳಿಸಿದ್ದರು. ಅಂತೂ ಮಾಂಗಲ್ಯಧಾರಣೆಯ ಹೊತ್ತಿಗೆ ಮುಂದಿನ ಸಾಲಿನ ಪಕ್ಕ ಹೋಗಿ ನಿಂತೆ. ಅಕ್ಷತೆ ತಟ್ಟೆ ಬಂತು. ಗ್ಲೌಸು ಹಾಕಿಕೊಂಡು ಅಕ್ಷತೆ ಮುಟ್ಟುವುದು ಹೇಗೆ? ಪಟ್ಟಿ ಎಳೆದೆ. ಪರ್‌ರ್ ಎಂಬ ಆ ಸದ್ದಿಗೆ ಎರಡು ಸಾಲು ಹಿಂದಿನ ಯಜಮಾನರು ತಮ್ಮ ಪಂಚೆಯನ್ನು ಮುಟ್ಟಿ ನೋಡಿಕೊಂಡರು.

ಬಿಚ್ಚಿದ ಗ್ಲೌಸನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಹುಡುಗಿಯ ಸೋದರತ್ತೆ ಬಗ್ಗಿ, "ಊಟ ಮಾಡಿಕೊಂಡೇ ಹೋಗಬೇಕು, ಆಯ್ತಾ?" ಅಂತ ಉಪಚಾರದ ಮಾತಾಡಿ ಮಂಟಪದ ಕಡೆ ನಡೆದರು. ಅವರ ರೇಷ್ಮೆ ಸೀರೆಯ ಸೆರಗಿನ ಜೊತೆ ನನ್ನ ಬಲಗೈ ಗ್ಲೌಸೂ ನಡೆಯಿತು. ವೆಲ್ಕ್ರೋದ ಕೊಕ್ಕೆಗೆ ಹತ್ತಿ ಬಟ್ಟೆ ರುಚಿಸುವುದಿಲ್ಲ, ರೇಷ್ಮೆಯೇ ಆಗಬೇಕು. ನಾನು "ಅತ್ತೆ, ಅತ್ತೆ" ಅಂತ ಕರೆದದ್ದು ಗಟ್ಟಿಮೇಳದಲ್ಲಿ ಮುಳುಗಿಹೋಯಿತು. ಇವತ್ತಿಗೂ ಆ ಮದುವೆಯ ವಿಡಿಯೋದಲ್ಲಿ ತಾಳಿ ಕಟ್ಟುವ ದೃಶ್ಯದ ಹಿಂದೆ ಒಂದು ಕಪ್ಪು ಕೈ ಅತ್ತೆಯ ಬೆನ್ನು ತಟ್ಟುತ್ತಾ ಇದೆ. ಆಮೇಲೆ ನಾಲ್ಕು ಜನ ಹೆಂಗಸರು ಸೇರಿ ಎಳೆ ಎಳೆಯಾಗಿ ಬಿಡಿಸಿದರು. ಜರಿಯ ಒಂದು ಗೊಂಚಲು ಗ್ಲೌಸಿನಲ್ಲೇ ಉಳಿಯಿತು. ಅತ್ತೆ ನಗುತ್ತಲೇ ಇದ್ದರು; ಊಟಕ್ಕೆ ಮಾತ್ರ ಎರಡನೇ ಸಲ ಕರೆಯಲಿಲ್ಲ.

ದುಬಾರಿ ಗ್ಲೌಸಿಗೆ ಅಲ್ಲಿಗೆ ಕೈಮುಗಿದು, ತೋಟದ ಸಾಮಾನು ಮಾರುವ ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಯಾವುದಕ್ಕೆ ಸಾರ್? ಮುಳ್ಳುತಂತಿಗಾ, ಕಳೆ ಮಿಷನ್ನಿಗಾ, ಮೆಣಸಿಗೆ ಬೋರ್ಡೋ ಔಷಧಿ ಹೊಡೆಯೋಕಾ?"

"ಕುರ್ಚಿ ನೂಕೋಕೆ."

ಅವರು ಒಂದು ಕ್ಷಣವೂ ತಬ್ಬಿಬ್ಬಾಗಲಿಲ್ಲ. "ಹಾಗಾದ್ರೆ ಮುಳ್ಳುತಂತಿದೇ ಕೊಡ್ತೀನಿ" ಅಂತ ನೈಲಾನ್ ಹೆಣಿಗೆಯ, ಅಂಗೈಗೆ ಮಾತ್ರ ನೈಟ್ರೈಲ್ ರಬ್ಬರ್ ಬಳಿದ ಗ್ಲೌಸು ತೆಗೆದರು. ನೂರು ರೂಪಾಯಿ ಕೊಟ್ಟರೆ ಚಿಲ್ಲರೆ ವಾಪಸ್ಸು. ಮಳೆಯಲ್ಲಿ, ಏರಿನಲ್ಲಿ ಅದರ ಹಿಡಿತ ಕಂಡು ನಾನು ಮೂಕನಾದೆ. ಬೆರಳಲ್ಲಿ ಬಲ ಕಡಿಮೆ ಇರುವವರಿಗೆ ರಬ್ಬರೇ ಬೇಕು ಅಂತ ಮೇಡಂ ಹೇಳುತ್ತಿದ್ದುದು ಸುಳ್ಳಲ್ಲ. ಆದರೆ ಇಳಿಜಾರು ಇದೆಯಲ್ಲ! ರಬ್ಬರು ಒಮ್ಮೆ ಹಿಡಿದರೆ ಬಿಡುವ ಜಾತಿಯದ್ದಲ್ಲ. ಎಂ.ಜಿ. ರಸ್ತೆಯ ಕಡೆ ಇಳಿಯುವಾಗ ಎಡಗೈ ಬಳೆಯನ್ನು ಕಚ್ಚಿತು, ಬಲಗೈ ಇನ್ನೂ ಯೋಚಿಸುತ್ತಿತ್ತು. ಒಂದೇ ಚಕ್ರ ನಿಂತರೆ ಕುರ್ಚಿ ಆ ಕಡೆಗೇ ತಿರುಗುವುದು ಧರ್ಮ. ತಿರುಗಿ ನೇರವಾಗಿ ಹೂವಿನಾಕೆಯ ಬುಟ್ಟಿಯ ಮುಂದೆ ಹೋಗಿ ನಿಂತೆ, ಕಾಲು ಮಲ್ಲಿಗೆಯ ಮೇಲೆ. ಆಕೆ ತಲೆಯೆತ್ತಿ, "ಎಷ್ಟು ಮೊಳ ಕೊಡ್ಲಿ ಸಾರ್?" ಅಂದಳು. ಕೊಂಡೆ. ಇಷ್ಟು ವರ್ಷಗಳ ಮೇಲೆ ಗಂಡ ತಾನಾಗಿ ಹೂವು ತಂದನಲ್ಲ ಅಂತ ಮನೆಯಲ್ಲಿ ಬಂದ ಅನುಮಾನದ ಕಥೆ ಬೇರೆ.

ಬೆರಳು ಮುಚ್ಚಿದ್ದರೆ ಫೋನು ಒತ್ತಲಾಗುವುದಿಲ್ಲ ಅಂತ ಹೆಂಡತಿ ಆ ಗ್ಲೌಸಿನ ಬೆರಳುಗಳನ್ನು ಅರ್ಧಕ್ಕೆ ಕತ್ತರಿಸಿದಳು. ಹೆಣಿಗೆಯ ಬಟ್ಟೆಗೆ ಕತ್ತರಿ ಹಾಕಿದರೆ ನೂಲು ಸುಮ್ಮನಿರುತ್ತದೆಯೇ? ಬೆಳಿಗ್ಗೆ ಬ್ಯಾಂಕಿಗೆ ಹೊರಟವನು ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ತೋರುಬೆರಳು ಪೂರ್ತಿ ಬಿಚ್ಚಿಕೊಂಡು ಚಕ್ರದ ಕಡ್ಡಿಗಳಿಗೆ ಸುತ್ತಿಕೊಂಡಿತ್ತು. ಅಲ್ಲೇ ಮರದ ಕೆಳಗೆ ಕೂರುವ ಚಪ್ಪಲಿ ಹೊಲಿಯುವವರು ಬ್ಲೇಡು ತಂದು ಬಿಡಿಸಿದರು. ಬಿಡಿಸುತ್ತಾ ನನ್ನ ಕೈ, ಬಳೆ, ಗ್ಲೌಸು ಮೂರನ್ನೂ ತಿರುಗಿಸಿ ನೋಡಿದರು.

"ಸಾರ್, ನೀವು ನಡೆಯೋದು ಕೈಯಲ್ಲಿ ತಾನೆ? ಹಾಗಾದ್ರೆ ಇದು ಚಪ್ಪಲಿ ಕೆಲಸ. ಹೋಗಿ ಹೋಗಿ ಬಟ್ಟೆಯವರ ಹತ್ರ ಕೇಳಿದೀರಲ್ಲ!"

ಒಂದು ರಟ್ಟಿನ ಮೇಲೆ ನನ್ನ ಅಂಗೈ ಇಡಿಸಿ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದರು. ನೂಕುವುದು ಯಾವ ಜಾಗದಲ್ಲಿ, ಬ್ರೇಕು ಹಿಡಿಯುವುದು ಯಾವ ಜಾಗದಲ್ಲಿ ಅಂತ ಮಾಡಿ ತೋರಿಸಲು ಹೇಳಿದರು. ಇಷ್ಟು ಜನ ಗ್ಲೌಸು ಕೊಟ್ಟಿದ್ದಾರೆ, ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ರಬ್ಬರಿನ ಹೊಸ ಗ್ಲೌಸು ತರಿಸಿ, ಅಂಗೈಯ ರಬ್ಬರನ್ನು ಹಾಗೇ ಬಿಟ್ಟು, ಹೆಬ್ಬೆರಳಿನ ಸಂದಿಯಿಂದ ತೋರುಬೆರಳಿನ ಪಕ್ಕದವರೆಗೆ ಮೆತ್ತನೆ ಚರ್ಮದ ತೇಪೆ ಹಾಕಿದರು. ನೂಕುವಾಗ ರಬ್ಬರು, ತಡೆಯುವಾಗ ಚರ್ಮ. ಕತ್ತರಿಸಿದ ಬೆರಳುಗಳ ಅಂಚಿಗೂ ಹೊಲಿಗೆ ಬಿತ್ತು. ಗಂಟುಗಳನ್ನೆಲ್ಲ ಹೊರಗಡೆಗೆ ತಂದರು, ಒಳಗಿದ್ದರೆ ಚುಚ್ಚುತ್ತದೆ ಅಂತ. ಕೈಯಲ್ಲಿ ಸ್ಪರ್ಶವೇ ಇಲ್ಲದವರಿಗೆ ಒಳಗಿನ ಒಂದು ಗಂಟು ಹುಣ್ಣಾಗುವವರೆಗೂ ತಿಳಿಯುವುದಿಲ್ಲ ಅಂತ ಮೇಡಂ ಎಚ್ಚರಿಸಿದ್ದರು; ಇವರಿಗೆ ಅದು ಯಾರೂ ಹೇಳದೆಯೇ ಗೊತ್ತಿತ್ತು. ನೋಡಲು ಚೆನ್ನಾಗಿಲ್ಲ, ಒಪ್ಪುತ್ತೇನೆ. ಬ್ಯಾಂಕಿನ ಗಾರ್ಡು ಈಗಲೂ ನನ್ನ ಕಾಲು ಬಿಟ್ಟು, "ಕೈಗೆ ಏನಾಯ್ತು ಸಾರ್?" ಅಂತ ಕೇಳುತ್ತಾನೆ.

ಇಷ್ಟಾದರೂ ಒಂದು ತಕರಾರು ಉಳಿಯಿತು. ಎಡಗೈಯದು ಹರಿಯುತ್ತದೆ, ಬಲಗೈಯದು ಹೊಸದಾಗಿಯೇ ಇರುತ್ತದೆ. ಕಾರಣ ನಾನಲ್ಲ, ರಸ್ತೆ. ಮಳೆನೀರು ಹರಿದುಹೋಗಲಿ ಅಂತ ರಸ್ತೆಯನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಸಿರುತ್ತಾರೆ. ನಾವು ಎಡ ಅಂಚಿನಲ್ಲಿ ಹೋಗುವವರು, ಕುರ್ಚಿ ಸದಾ ಎಡಕ್ಕೆ ಚರಂಡಿಯ ಕಡೆ ಎಳೆಯುತ್ತದೆ. ಅದನ್ನು ನೇರ ಇಡಲು ಎಡಗೈ ಜಾಸ್ತಿ ನೂಕಬೇಕು. ವಾಪಸ್ಸು ಬರುವಾಗ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ಬರುವಾಗಲೂ ನಮ್ಮದು ಎಡವೇ. ಅಮೆರಿಕದಲ್ಲಿ ಗಾಡಿಗಳು ಬಲಕ್ಕೆ ಹೋಗುತ್ತವೆ, ಅಲ್ಲಿಯವರಿಗೆ ಬಲಗೈಯದು ಮೊದಲು ಹರಿಯಬೇಕು. ಅಲ್ಲಿ ಯಾರಾದರೂ ಸಿಕ್ಕಿದರೆ ನನ್ನ ಬಲಗೈಗಳನ್ನು ಕಳಿಸಿ ಅವರ ಎಡಗೈಗಳನ್ನು ತರಿಸಿಕೊಳ್ಳಬಹುದು ಅಂತ ಲೆಕ್ಕ ಹಾಕಿದೆ. ಅಂಚೆ ಖರ್ಚಿಗೆ ಹೆದರಿ ಹಾರ್ಡ್‌ವೇರ್ ಅಂಗಡಿಗೇ ಹೋಗಿ, "ಎಡಗೈಗೆ ಮಾತ್ರ ಕೊಡಿ" ಅಂದೆ.

"ಜೋಡಿ ಮುರಿಯಲ್ಲ ಸಾರ್. ಆದ್ರೆ ತಡೀರಿ. ಬೇಲಿ ಕೆಲಸದವನೊಬ್ಬ ಬರ್ತಾನೆ, ಅವನದ್ದೂ ನಿಮ್ಮದೇ ಗೋಳು, ಉಲ್ಟಾ. ತಂತಿ ಎಳೆದೂ ಎಳೆದೂ ಬಲಗೈದು ಹರೀತದೆ. ಮನೇಲಿ ಬರೀ ಎಡಗೈ ಗ್ಲೌಸು ಬಿದ್ದಿದಾವಂತೆ."

ಅಮೆರಿಕ ಇಷ್ಟು ಹತ್ತಿರದಲ್ಲಿತ್ತು! ಭಾನುವಾರ ಅಂಗಡಿಯಲ್ಲಿ ಭೇಟಿ ಗೊತ್ತಾಯಿತು. ನಾನು ಬಲಗೈಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಹೋದೆ, ಆತ ಎಡಗೈಗಳ ಚೀಲ ಹಿಡಿದು ಬಂದ. ಇಬ್ಬರೂ ಸಂಬಂಧ ಕುದುರಿದ ಬೀಗರ ಸಂಭ್ರಮದಲ್ಲಿ ಒಬ್ಬರ ಸರಕು ಇನ್ನೊಬ್ಬರು ಹಾಕಿಕೊಂಡೆವು. ಆತನ ಎಡಗೈ ಗ್ಲೌಸಿನೊಳಗೆ ನನ್ನ ಕೈ ಹೋಗಿ ಇನ್ನೂ ಅರ್ಧ ಜಾಗ ಖಾಲಿ ಇತ್ತು. ನನ್ನದು ಆತನ ಗೆಣ್ಣಿನ ಹತ್ತಿರವೇ ನಿಂತುಬಿಟ್ಟಿತು. ತಿರುಗಿಸಿ ನೋಡಿದರೆ ಆತನದ್ದು 10ನೇ ನಂಬರು, ನನ್ನದು 8.

"ಒಗೆದ್ರೆ ಕುಗ್ಗುತ್ತೆ ಬಿಡಿ" ಅಂದ ಆತ.

"ಎಳೆದು ಹಾಕ್ಕೊಂಡ್ರೆ ಹಿಗ್ಗುತ್ತೆ ಬಿಡಿ" ಅಂದೆ ನಾನು.

ಅಂಗಡಿಯವರು ಅಷ್ಟರಲ್ಲಿ 8ರದ್ದೊಂದು, 10ರದ್ದೊಂದು ಹೊಸ ಜೊತೆ ತೆಗೆದು ಗಲ್ಲಾದ ಮೇಲಿಟ್ಟು, ಇಬ್ಬರದ್ದೂ ಒಂದೇ ಬಿಲ್ಲಾ ಬೇರೆ ಬೇರೆಯಾ ಅಂತ ಕೇಳುತ್ತಿದ್ದರು.