ವಿಶ್ರಾಂತಿ ಭಾಗ್ಯ: ಅನುಷ್ಠಾನಕ್ಕೊಂದು ಕರಡು

ಕೆಲಸದ ಒತ್ತಡ ಮನುಷ್ಯನನ್ನು ಹಿಂಡಿ ಹಿಪ್ಪೆ ಮಾಡಿದೆ ಎಂದು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಲಕ್ಷಣಗಳನ್ನು ಗೊತ್ತುಮಾಡಿತು. ಶಕ್ತಿಯೆಲ್ಲ ಬಸಿದುಹೋದಂತಾಗುವುದು ಒಂದು. ಮಾಡುವ ಕೆಲಸದ ಮೇಲೇ ಜಿಗುಪ್ಸೆ ಹುಟ್ಟಿ ಮನಸ್ಸು ದೂರ ಸರಿಯುವುದು ಎರಡು. ಕೈಯಲ್ಲಿ ಏನೂ ಸಾಗುತ್ತಿಲ್ಲ ಅನ್ನಿಸುವುದು ಮೂರು. ಇಷ್ಟಕ್ಕಾಗಿ ಜಿನೀವಾದ ತಜ್ಞರು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ನಮ್ಮ ಯಾವುದಾದರೂ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಬಂದಿದ್ದರೆ ಮೂರೂ ಸರ್ಕಾರಿ ಶಾಲೆಯ ಮೇಷ್ಟರ ಒಂದೇ ಕಡತದಲ್ಲಿ ಸಿಗುತ್ತಿದ್ದವು. ಮೊದಲನೆಯದಕ್ಕೆ ಇಲ್ಲಿ ‘ಕರ್ತವ್ಯದಲ್ಲಿ ಆಲಸ್ಯ’ ಎನ್ನುತ್ತಾರೆ, ಎರಡನೆಯದಕ್ಕೆ ‘ಮೇಲಧಿಕಾರಿಗಳೊಂದಿಗೆ ಅಸಹಕಾರ’, ಮೂರನೆಯದಕ್ಕೆ ‘ಫಲಿತಾಂಶ ಕುಸಿತ’. ಮೂರಕ್ಕೂ ಮದ್ದು ಒಂದೇ: ಕಾರಣ ಕೇಳಿ ನೋಟಿಸು.

ಸಂಸ್ಥೆಯವರು ಇನ್ನೊಂದು ಮಾತು ಸೇರಿಸಿದ್ದಾರೆ. ಇದು ಕಾಯಿಲೆಯಲ್ಲ, ಕೆಲಸದ ಜಾಗಕ್ಕೆ ಸಂಬಂಧಿಸಿದ ಸಂಗತಿಯಂತೆ. ಅಂದರೆ ಆ ಜಾಗವನ್ನು ಮೊದಲು ಸರಿಮಾಡಿ ಅಂತಿರಬೇಕು. ನಮ್ಮವರು ಓದಿಕೊಳ್ಳುವುದು ಬೇರೆ ಥರ. ಕಾಯಿಲೆಯಲ್ಲ ತಾನೆ? ಹಾಗಾದರೆ ರಜೆ ಯಾಕೆ?

ಒಂದು ಕಿರಿಯ ಪ್ರಾಥಮಿಕ ಶಾಲೆ ಇಟ್ಟುಕೊಳ್ಳಿ. ಒಂದರಿಂದ ಐದನೇ ತರಗತಿ, ಇಬ್ಬರು ಶಿಕ್ಷಕಿಯರು. ಗುಮಾಸ್ತರಿಲ್ಲ, ಜವಾನರಿಲ್ಲ. ಗಂಟೆ ಹೊಡೆಯುವವರೂ ಅವರೇ, ಗಂಟೆ ಕಳುವಾದರೆ ಉತ್ತರ ಕೊಡಬೇಕಾದವರೂ ಅವರೇ. ಬೆಳಿಗ್ಗೆ ಮೊದಲ ಪಾಠ ಹಾಲಿನದು. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ ಪ್ರಕಾರ 18 ಗ್ರಾಂ ಪುಡಿಗೆ 150 ಮಿಲಿ ಲೀಟರ್ ಹಾಲಾಗಬೇಕು. ಬಂದ ಪುಡಿ ಎಷ್ಟು, ಕುಡಿದ ಮಕ್ಕಳೆಷ್ಟು, ಉಳಿದದ್ದೆಷ್ಟು ಎಂಬುದು ದಾಖಲಾಗಬೇಕು. ಆಮೇಲೆ ಮೊಟ್ಟೆ. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವೂ ಸೇರಿ ವಾರಕ್ಕೆ ಆರು ದಿನ ಮೊಟ್ಟೆ. ಬಡ ಮಕ್ಕಳ ಹೊಟ್ಟೆಗೆ ಬೀಳುವ ಹಾಲು, ಮೊಟ್ಟೆಯ ಬಗ್ಗೆ ನನಗೆ ಎಳ್ಳಷ್ಟೂ ತಕರಾರಿಲ್ಲ. ಈ ರಾಜ್ಯದಲ್ಲಿ ಆದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು. ತಕರಾರಿರುವುದು ಲೆಕ್ಕದ ಬಗ್ಗೆ. ಮೊಟ್ಟೆಯೊಂದಕ್ಕೆ ಮಂಜೂರಾದದ್ದು 6 ರೂಪಾಯಿ. ಕೊಳ್ಳುವುದು, ತರುವುದು, ಬೇಯಿಸುವುದು, ಸಿಪ್ಪೆ ಸುಲಿಯುವ ಕೂಲಿ ಎಲ್ಲವೂ ಅದರಲ್ಲೇ ಮುಗಿಯಬೇಕು. ಆದರೆ ಈ ಸುತ್ತೋಲೆ ಇನ್ನೂ ಕೋಳಿಗಳಿಗೆ ತಲುಪಿಲ್ಲವಾಗಿ ಪೇಟೆಯಲ್ಲಿ ದರ ಆಗಾಗ ಏರುತ್ತದೆ. ಏರಿದಷ್ಟು ಹೆಡ್‌ಮೇಡಂ ಪರ್ಸಿನಿಂದ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು, ಅದಕ್ಕೆ ಬೇರೆ ಕಾಲಂ. ಈ ನಡುವೆ ಐದನೇ ತರಗತಿಯ ಹುಡುಗನೊಬ್ಬ ಬಂದು ಭಾಗಾಕಾರ ಯಾವಾಗ ಹೇಳಿಕೊಡ್ತೀರಿ ಮಿಸ್ ಎಂದು ಕೇಳಿದರೆ ಸಿಟ್ಟು ಬರುವುದು ಸಹಜವೇ.

ಭಾಗಾಕಾರಕ್ಕೆ ಕೈ ಹಾಕಿದಿರೋ, ವಾಟ್ಸ್‌ಆ್ಯಪ್ ಗ್ರೂಪಿಗೆ ‘ಅತಿ ಜರೂರು’ ಬಂದೇಬಿಡುತ್ತದೆ. ಮಾಹಿತಿಯನ್ನು ನಿಗದಿತ ನಮೂನೆಯಲ್ಲಿ ಇಂದೇ ಮಧ್ಯಾಹ್ನ ಮೂರರೊಳಗೆ ಸಲ್ಲಿಸುವುದು, ಮಾಹಿತಿ ಇಲ್ಲದಿದ್ದಲ್ಲಿ ‘ಶೂನ್ಯ’ ಎಂದು ಸಲ್ಲಿಸುವುದು, ತಪ್ಪಿದಲ್ಲಿ ತಮ್ಮನ್ನೇ ನೇರ ಹೊಣೆಗಾರರನ್ನಾಗಿ ಮಾಡಲಾಗುವುದು. ಸೊನ್ನೆಗೆ ಇಷ್ಟು ಬೆಲೆ ಕೊಟ್ಟ ನಾಡು ಆರ್ಯಭಟನ ಕಾಲದಲ್ಲೂ ಇದ್ದಿರಲಾರದು. ಕಳೆದ ತಿಂಗಳು ಕೊಟ್ಟ ಮಾಹಿತಿಯನ್ನೇ ಈ ತಿಂಗಳೂ ಕೇಳುತ್ತಾರೆ. ಹೋದ ಸಲ ಪಿಡಿಎಫ್‌ನಲ್ಲಿ ಕೊಟ್ಟಿದ್ದಿರಂತೆ, ಈ ಸಲ ಎಕ್ಸೆಲ್‌ನಲ್ಲಿ ಬೇಕಂತೆ.

ಇನ್ನು ರಜೆಯ ವಿಚಾರ. ‘ನಿಮಗೇನಮ್ಮ, ಬೇಸಿಗೆಗೊಂದು, ದಸರಾಕ್ಕೊಂದು’ ಎಂದು ಮದುವೆಮನೆಯಲ್ಲಿ ಕಿಚಾಯಿಸದ ನೆಂಟರಿಲ್ಲ. 2025ರ ದಸರಾ ರಜೆಯಲ್ಲಿ ನಡೆದದ್ದು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಸೆಪ್ಟೆಂಬರ್ 22ಕ್ಕೆ ಶುರು, ಮನೆಮನೆಗೆ ಹೋಗಿ 60 ಪ್ರಶ್ನೆ, ಗಣತಿದಾರರಲ್ಲಿ ಬಹುಪಾಲು ಸರ್ಕಾರಿ ಶಿಕ್ಷಕರು. ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಸರ್ಕಾರ ಉದಾರ ಮನಸ್ಸಿನಿಂದ ರಜೆಯನ್ನು 18ರವರೆಗೆ ವಿಸ್ತರಿಸಿತು. ಮಕ್ಕಳಿಗೆ ರಜೆ ವಿಸ್ತರಣೆ, ಮೇಷ್ಟರಿಗೆ ರಜೆಯ ಹೆಸರಿನಲ್ಲಿ ಕೆಲಸ ವಿಸ್ತರಣೆ. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ, ಯಾರ ಸ್ಥಿತಿ ಹೇಗಿದೆ ಎಂದು ಸರ್ಕಾರಕ್ಕೆ ಗೊತ್ತಾಗಲೇಬೇಕು. ಗಣತಿಗೆ ಹೋದ ಮೇಡಂ ಒಬ್ಬರು ಹೇಳಿದ್ದನ್ನು ಮಾತ್ರ ಹಾಗೇ ಕೊಡುತ್ತೇನೆ: ‘ಅಜ್ಜಿ ಮನೇಲಿದ್ರು ಸಾರ್, ಒಟಿಪಿ ಬರೋ ಮೊಬೈಲು ಮಗನ ಹತ್ರ, ಮಗ ಬೆಂಗಳೂರಲ್ಲಿ ಡ್ಯೂಟಿ ಮೇಲೆ. ಅವನು ಫೋನ್ ಎತ್ತೋ ಹೊತ್ತಿಗೆ ಆ್ಯಪ್ ಲಾಗ್‌ಔಟ್. ಅಜ್ಜಿ ಮೂರು ಸಲ ಕಾಫಿ ಕೊಟ್ರು, ಒಳ್ಳೆಯವ್ರು.’

ಶಿಕ್ಷಣ ಹಕ್ಕು ಕಾಯ್ದೆ ಎಂಬುದೊಂದಿದೆ, 2009ರದ್ದು. ಅದರ 27ನೇ ಕಲಮಿನಂತೆ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರು ಬಿಟ್ಟು ಬೇರೆ ಯಾವ ಶೈಕ್ಷಣಿಕೇತರ ಕೆಲಸಕ್ಕೂ ಶಿಕ್ಷಕರನ್ನು ಹಚ್ಚುವಂತಿಲ್ಲ. ಈ ಕಲಮನ್ನು ಎಲ್ಲ ಶಾಲೆಗಳಿಗೂ ಕಳಿಸಿ, ಓದಿದ್ದಕ್ಕೆ ಸಹಿ ಹಾಕಿಸಿ, ಸಹಿಯ ಫೋಟೊ ಅಪ್‌ಲೋಡ್ ಮಾಡಿಸಿದರೆ ಒಳ್ಳೆಯದಿತ್ತು.

ಒತ್ತಡ ಇದೆ ಎಂದು ಇಲಾಖೆಗೆ ಗೊತ್ತಿಲ್ಲವೆಂದಲ್ಲ. ಆಗಾಗ ತರಬೇತಿಯಿರುತ್ತದೆ, ಅದರಲ್ಲೊಂದು ಅವಧಿ ‘ಒತ್ತಡ ನಿರ್ವಹಣೆ’. ಸಂಪನ್ಮೂಲ ವ್ಯಕ್ತಿ ಬರುತ್ತಾರೆ, ಪಾಪ ಅವರೂ ಮೇಷ್ಟರೇ, ತಮ್ಮ ಶಾಲೆಯ ಪಾಠ ಬಿಟ್ಟು ಬಂದಿರುತ್ತಾರೆ. ಉಸಿರು ಎಳೆದುಕೊಳ್ಳಿ, ಬಿಡಿ, ಧನಾತ್ಮಕವಾಗಿ ಚಿಂತಿಸಿ ಎನ್ನುತ್ತಾರೆ. ಅದೇ ಮೇಡಂ ಹೇಳಿದ್ದು: ‘ಕಣ್ಣು ಮುಚ್ಚಿ ಅಂದ್ರು, ಮುಚ್ಚಿದೆ. ಅಷ್ಟರಲ್ಲಿ ಗ್ರೂಪಲ್ಲಿ ಟಣ್ ಅಂತು. ಎಲ್ಲಾರೂ ಒಟ್ಟಿಗೇ ಕಣ್ಣು ಬಿಟ್ವಿ. ಈ ತರಬೇತಿಗೆ ಬಂದವರ ಮಾಹಿತೀನೇ ಕೇಳಿದ್ರು.’

2022ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ ಕೆಲಸದ ಜಾಗದ ಮಾನಸಿಕ ಆರೋಗ್ಯಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ದುಡಿಯುವವರಿಗೆ ಉಸಿರಾಟ ಕಲಿಸಿದರಷ್ಟೇ ಸಾಲದು, ಕೆಲಸದ ಹೊರೆಯನ್ನೂ ನೋಡಬೇಕು, ಕೆಲಸ ಮಾಡಿಸುವವರಿಗೂ ತರಬೇತಿ ಕೊಡಬೇಕು ಎಂಬುದು ಅದರ ಸಾರ. ಮಾಡಿಸುವವರಿಗೆ ತರಬೇತಿ! ಸಾಹೇಬರು ಚಾಪೆಯ ಮೇಲೆ ಕುಳಿತು ಮೂಗು ಹಿಡಿಯುವುದು, ಮೇಷ್ಟರು ಅವರ ಹಾಜರಿ ಪಡೆಯುವುದು. ಜಿನೀವಾದವರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದವರಾರು?

ಸುಮ್ಮನೆ ದೂರಿ ಫಲವಿಲ್ಲ. ಇಲಾಖೆಯ ಅವಗಾಹನೆಗಾಗಿ ನನ್ನದೊಂದು ಕರಡು ಇದೆ. ಯೋಜನೆಯ ಹೆಸರು ‘ವಿಶ್ರಾಂತಿ ಭಾಗ್ಯ’. ಅರ್ಹ ಶಿಕ್ಷಕರು ದಿನಕ್ಕೆ ಹತ್ತು ನಿಮಿಷ ವಿಶ್ರಮಿಸತಕ್ಕದ್ದು. ವಿಶ್ರಮಿಸುವ ಮುನ್ನ, ವಿಶ್ರಮಿಸುವಾಗ ಮತ್ತು ವಿಶ್ರಮಿಸಿದ ನಂತರ ತಲಾ ಒಂದು ಜಿಪಿಎಸ್ ಫೋಟೊ ತೆಗೆದು ಆ್ಯಪ್‌ಗೆ ಹಾಕತಕ್ಕದ್ದು. ಎರಡನೆಯ ಫೋಟೊದಲ್ಲಿ ಕಣ್ಣು ಮುಚ್ಚಿರಬೇಕು, ಆದರೆ ಮುಖ ಗುರುತಿಸುವ ತಂತ್ರಾಂಶಕ್ಕಾಗಿ ತೆರೆದೂ ಇರಬೇಕು. ದಣಿದ ಮುಖ ಸೇವೆಗೆ ಸೇರಿದಾಗಿನ ಫೋಟೊಕ್ಕೆ ತಾಳೆಯಾಗದಿದ್ದಲ್ಲಿ ಅಂದಿನ ದಿನವನ್ನು ಗೈರುಹಾಜರಿ ಎಂದು ಪರಿಗಣಿಸಲಾಗುವುದು. ಏಕೋಪಾಧ್ಯಾಯ ಶಾಲೆಯ ಶಿಕ್ಷಕರು ವಿಶ್ರಾಂತಿಗೆ ಹೋಗುವಾಗ ತಮ್ಮ ಪ್ರಭಾರವನ್ನು ತಮಗೇ ವಹಿಸಿ, ಸ್ವೀಕೃತಿ ಪಡೆಯತಕ್ಕದ್ದು.

ಮನಸ್ಸು ತೀರಾ ಕುಗ್ಗಿದವರಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ನಿಮ್ಹಾನ್ಸ್ ಅದರ ಬೆನ್ನಿಗಿದೆ, ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. (ಇಷ್ಟು ಮಾತ್ರ ನಿಜಕ್ಕೂ ಬರೆದಿಟ್ಟುಕೊಳ್ಳಿ.) ಕರಡಿನ ಪ್ರಕಾರ ಕರೆ ಮಾಡಿದವರು ಸ್ಕ್ರೀನ್‌ಶಾಟ್ ಅನ್ನು ಸಿಆರ್‌ಪಿ (ಸಮೂಹ ಸಂಪನ್ಮೂಲ ವ್ಯಕ್ತಿ) ಮೂಲಕ ಸಲ್ಲಿಸತಕ್ಕದ್ದು. ಮಾಡದವರು ಶೂನ್ಯ.

ಹೊರೆ ಇಳಿಸಲು ಶಾಲೆಗೊಬ್ಬ ಗುಮಾಸ್ತರನ್ನು ಕೊಡುವ ಸಲಹೆಯನ್ನೂ ಮೊದಲು ಸೇರಿಸಿದ್ದೆ. ಆರ್ಥಿಕ ಇಲಾಖೆಯ ಸಹಮತಿ ಸಿಗುವುದಿಲ್ಲವೆಂದು ಗೆಳೆಯರು ಹೇಳಿದ್ದರಿಂದ ಹೊಡೆದುಹಾಕಿದೆ. ಬದಲಿಗೆ, ರಾಜ್ಯದಲ್ಲಿ ದಣಿದ ಶಿಕ್ಷಕರು ಒಟ್ಟು ಎಷ್ಟಿದ್ದಾರೆಂದು ತಿಳಿಯಲು ಸಮಗ್ರ ಸಮೀಕ್ಷೆಯೊಂದನ್ನು ನಡೆಸುವುದು ಸೂಕ್ತವೆಂದು ಬರೆದಿದ್ದೇನೆ. ಪ್ರಶ್ನೆಗಳು 60 ಸಾಕು. ಗಣತಿದಾರರು ಯಾರು ಎಂಬ ಚಿಂತೆಯೂ ಇಲ್ಲ, ಬೇಸಿಗೆ ರಜೆ ಹೇಗೂ ಬರುತ್ತದೆ.